ಕ್ರೂಸ್‌ನಲ್ಲಿ ತುರ್ತಿಗೆಂದು ಇಟ್ಟುಕೊಳ್ಳುವ ಬ್ಯಾಗಿನಲ್ಲಿ ಏನಿರಬೇಕು?

ಸಿಂಗಾಪುರದಿಂದ ಪೆನಾಂಗ್, ಫುಕೆಟ್‌ಗೆ ಹೋಗಿಬರುವ 4 ರಾತ್ರಿಯ ಕ್ರೂಸ್. ಜೊತೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಅಪ್ಪ, ಸೀರೆಯನ್ನೇ ಉಡುವ ಅಮ್ಮ, 5 ವರ್ಷದ ಮಗಳು. ಹಡಗಿನಲ್ಲಿ ಏನಾದರೂ ಆದರೆ ಎತ್ತಿಕೊಂಡು ಹೊರಡಲು ಒಂದು ಬ್ಯಾಗ್ ಸಿದ್ಧ ಮಾಡುತ್ತಿದ್ದೇನೆ, ಅದರೊಳಗೆ ಏನೇನು ಹಾಕಲಿ ಎಂದು ಕೇಳಿದ್ದೀರಿ.

ಬ್ಯಾಗಿಗಿಂತ ಮೊದಲು ತೀರ್ಮಾನ ಆಗಬೇಕಾದದ್ದು ಇನ್ನೊಂದಿದೆ. ಅಲಾರಂ ಹೊಡೆದಾಗ ನೀವು ಕ್ಯಾಬಿನ್ನಿನಲ್ಲೇ ಇರುತ್ತೀರಿ ಅನ್ನುವ ಖಾತ್ರಿ ಇಲ್ಲ. 2012ರ ಜನವರಿ 13ರಂದು ಕೋಸ್ಟಾ ಕಾಂಕಾರ್ಡಿಯಾ ಹಡಗು ಇಟಲಿಯ ಜಿಲಿಯೊ ದ್ವೀಪದ ಬಳಿ ಬಂಡೆಗೆ ಬಡಿದದ್ದು ರಾತ್ರಿ 9.45ರ ಸುಮಾರಿಗೆ, ಊಟದ ಹೊತ್ತಿನಲ್ಲಿ. 32 ಜನ ಸತ್ತರು. ಬದುಕಿ ದಡ ಸೇರಿದವರಲ್ಲಿ ಬಹಳ ಮಂದಿಯ ಪಾಸ್‌ಪೋರ್ಟ್, ದುಡ್ಡು, ಔಷಧ ಎಲ್ಲವೂ ಕ್ಯಾಬಿನ್ನಿನಲ್ಲೇ ಉಳಿದಿತ್ತು. ಬ್ಯಾಗ್ ತರಲು ವಾಪಸ್ ಹೋಗಬಹುದಲ್ಲ ಎಂದು ಯಾರಾದರೂ ಅಂದರೆ ದಯವಿಟ್ಟು ಕೇಳಬೇಡಿ. ನೀವು ಹಡಗಿನ 12ನೇ ಡೆಕ್ಕಿನಲ್ಲಿ, ಅಂದರೆ 12ನೇ ಮಹಡಿಯಲ್ಲಿ ಇದ್ದು, ನಿಮ್ಮ ಕ್ಯಾಬಿನ್ 6ನೇ ಡೆಕ್ಕಿನಲ್ಲಿದ್ದರೆ, ಕೆಳಗಿನಿಂದ ಹತ್ತಿ ಬರುತ್ತಿರುವ ನೂರಾರು ಜನರಿಗೆ ಎದುರಾಗಿ ಇಳಿಯಬೇಕಾಗುತ್ತದೆ. ಲಿಫ್ಟ್ ಬಳಸುವಂತಿಲ್ಲ. ನೀವೂ ಸಿಕ್ಕಿಕೊಳ್ಳುತ್ತೀರಿ, ದಾರಿಯನ್ನೂ ಕಟ್ಟುತ್ತೀರಿ. ಕ್ಯಾಬಿನ್ನಿನಲ್ಲಿರುವ ಲೈಫ್ ಜಾಕೆಟ್ ಬಿಟ್ಟು ಬಂದರೂ ಚಿಂತೆಯಿಲ್ಲ, ಮಸ್ಟರ್ ಸ್ಟೇಷನ್‌ನಲ್ಲಿ ಹೆಚ್ಚುವರಿ ಜಾಕೆಟ್ ಇರುತ್ತವೆ. ಮಸ್ಟರ್ ಸ್ಟೇಷನ್ ಅಂದರೆ ತುರ್ತಿನಲ್ಲಿ ನೀವು ಹೋಗಿ ಸೇರಬೇಕಾದ ಜಾಗ. ಅದರ ಅಕ್ಷರವೋ ಸಂಖ್ಯೆಯೋ ಸಾಮಾನ್ಯವಾಗಿ ನಿಮ್ಮ ಕ್ಯಾಬಿನ್ ಕಾರ್ಡಿನ ಮೇಲೇ ಮುದ್ರಿತವಾಗಿರುತ್ತದೆ.

ಹಾಗಾಗಿ ನನ್ನ ಸಲಹೆ: ಎರಡು ಭಾಗ ಮಾಡಿ. ಯಾವುದಿಲ್ಲದೆ ಒಂದು ದಿನವೂ ನಡೆಯದೋ ಅದು ಎಚ್ಚರವಿರುವಷ್ಟು ಹೊತ್ತೂ ಮೈಮೇಲಿರಲಿ. ಇದ್ದರೆ ಅನುಕೂಲ, ಇಲ್ಲದಿದ್ದರೂ ಬದುಕಬಹುದು ಅನ್ನುವುದು ಕ್ಯಾಬಿನ್ನಿನ ಬ್ಯಾಗಿನಲ್ಲಿರಲಿ. ಕ್ಯಾಬಿನ್ನಿನಲ್ಲಿದ್ದಾಗ ಅಲಾರಂ ಹೊಡೆದರೆ ಮಾತ್ರ ಆ ಬ್ಯಾಗ್ ಎತ್ತಿಕೊಳ್ಳುವುದು.

ಮೈಮೇಲಿನದಕ್ಕೆ ಕತ್ತಿನಿಂದ ಅಡ್ಡ ಹಾಕುವ ಚಪ್ಪಟೆ ಪೌಚ್ ಸಾಕು, ದೊಡ್ಡವರಿಗೆ ತಲಾ ಒಂದು. ಒಬ್ಬರ ಹತ್ತಿರವೇ ಎಲ್ಲರದೂ ಇರಬಾರದು, ಗದ್ದಲದಲ್ಲಿ ಕುಟುಂಬ ಬೇರೆ ಬೇರೆ ದೋಣಿಗೆ ಹೋಗುವುದು ಅಪರೂಪವೇನಲ್ಲ. ಪೌಚ್ ಚಪ್ಪಟೆಯೇ ಆಗಿರಬೇಕು, ಏಕೆಂದರೆ ಅದರ ಮೇಲೆ ಲೈಫ್ ಜಾಕೆಟ್ ಕೂರಬೇಕು. ಉಬ್ಬಿದ ಸೊಂಟದ ಬ್ಯಾಗ್ ಜಾಕೆಟ್ಟಿನಡಿ ಇದ್ದರೆ ಪಟ್ಟಿ ಬಿಗಿಯಾಗುವುದಿಲ್ಲ. ಸಡಿಲ ಜಾಕೆಟ್ ನೀರಿನಲ್ಲಿ ಮೇಲಕ್ಕೆ ಜಾರಿ ಮುಖಕ್ಕೆ ಬರುತ್ತದೆ. ಬೆನ್ನಿನ ಬ್ಯಾಗಂತೂ ಜಾಕೆಟ್ಟಿನ ಜೊತೆ ಹೊಂದುವುದೇ ಇಲ್ಲ.

ಪೌಚಿನೊಳಗೆ ಕ್ಯಾಬಿನ್ ಕಾರ್ಡ್, ಪಾಸ್‌ಪೋರ್ಟಿನ ಫೋಟೋ ಪುಟ ಮತ್ತು ವಿಳಾಸದ ಪುಟದ ಜೆರಾಕ್ಸ್, ಸಿಂಗಾಪುರದ ಇ-ವೀಸಾ ಪ್ರಿಂಟ್, ಒಂದು ಡೆಬಿಟ್ ಅಥವಾ ಫಾರೆಕ್ಸ್ ಕಾರ್ಡ್, 100 ಸಿಂಗಾಪುರ ಡಾಲರಿನಷ್ಟು ಚಿಲ್ಲರೆ ನೋಟು, ಒಂದೂವರೆ ದಿನದ ಮಾತ್ರೆ. ಇದರ ಜೊತೆ ಕೈಬರಹದ ಒಂದು ಚೀಟಿ: ಹೆಸರು, ರಕ್ತದ ಗುಂಪು, ತೆಗೆದುಕೊಳ್ಳುವ ಔಷಧದ ಹೆಸರು ಮತ್ತು ಪ್ರಮಾಣ, ಅಲರ್ಜಿ, ಮನೆಯವರ ಎರಡು ಫೋನ್ ನಂಬರು, ವಿಮೆಯ ಪಾಲಿಸಿ ಸಂಖ್ಯೆ ಮತ್ತು ಅವರ 24 ಗಂಟೆಯ ನಂಬರು, ಸಿಂಗಾಪುರ ಮತ್ತು ಕೌಲಾಲಂಪುರದ ಭಾರತೀಯ ಹೈಕಮಿಷನ್ ಹಾಗೂ ಬ್ಯಾಂಕಾಕಿನ ಭಾರತೀಯ ರಾಯಭಾರ ಕಚೇರಿಯ ನಂಬರು. ಇಂಗ್ಲಿಷಿನಲ್ಲಿ ಬರೆಯಿರಿ, ಓದಬೇಕಾದವರು ಹಡಗಿನ ಡಾಕ್ಟರು. ಫೋನಿನಲ್ಲಿ ಎಲ್ಲ ಇದೆಯಲ್ಲ ಅನ್ನುತ್ತೀರಿ, ಚಾರ್ಜ್ ಮುಗಿದ ಫೋನಿನಲ್ಲಿ ಏನೂ ಇರುವುದಿಲ್ಲ. ಇವೆಲ್ಲವನ್ನೂ ಮೊದಲು ಜಿಪ್‌ಲಾಕ್ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು, ಆಮೇಲೆ ಪೌಚಿಗಿಡಿ. ಬಾಲ್‌ಪೆನ್ನಿನಲ್ಲಿ ಬರೆಯಿರಿ, ಜೆಲ್ ಪೆನ್ನಿನ ಶಾಯಿ ಒದ್ದೆಯಾದರೆ ಕದಡುತ್ತದೆ.

ಪಾಸ್‌ಪೋರ್ಟ್ ವಿಷಯದಲ್ಲಿ ಒಂದಿಷ್ಟು ಗೊಂದಲ ಇದ್ದೇ ಇರುತ್ತದೆ. ಕೆಲವು ಮಾರ್ಗಗಳಲ್ಲಿ ಹಡಗು ಹತ್ತುವಾಗಲೇ ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡು, ಇಳಿಯುವ ಹಿಂದಿನ ದಿನ ಕೊಡುತ್ತಾರೆ. ಹಾಗಾದರೆ ಜೆರಾಕ್ಸೇ ನಿಮ್ಮ ಆಧಾರ. ನಿಮ್ಮ ಕೈಯಲ್ಲೇ ಬಿಟ್ಟರೆ ಹಗಲು ಕ್ಯಾಬಿನ್ನಿನ ಸೇಫಿನಲ್ಲಿಡಿ, ರಾತ್ರಿ ಮಲಗುವ ಮುಂಚೆ ತೆಗೆದು ಪೌಚಿಗೆ ಹಾಕಿ. ಕತ್ತಲಲ್ಲಿ, ನಿದ್ದೆಗಣ್ಣಿನಲ್ಲಿ, ಅಲಾರಂ ಸದ್ದಿನ ನಡುವೆ ಸೇಫಿನ ನಾಲ್ಕಂಕಿ ಒತ್ತುವುದು ಅಂದುಕೊಂಡಷ್ಟು ಸುಲಭವಲ್ಲ. ಪಾಸ್‌ಪೋರ್ಟ್ ಕಳೆದೇಹೋದರೆ ಭಾರತೀಯ ಕಚೇರಿಯಲ್ಲಿ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಅದು ಭಾರತಕ್ಕೆ ಒಂದು ಬಾರಿ ಮರಳಲು ಮಾತ್ರ. ಅದಕ್ಕೆ ಪೊಲೀಸ್ ದೂರಿನ ಪ್ರತಿ, ಹಳೆಯ ಪಾಸ್‌ಪೋರ್ಟಿನ ಜೆರಾಕ್ಸ್, ಫೋಟೋ ಬೇಕಾಗುತ್ತವೆ, ಹಾಗಾಗಿ ತಲಾ ನಾಲ್ಕು ಫೋಟೋ ಈಗಲೇ ತೆಗೆಸಿಡಿ. ಸ್ಕ್ಯಾನ್ ಮಾಡಿದ ಪ್ರತಿಗಳನ್ನು ನಿಮ್ಮ ಇಮೇಲಿಗೂ ಊರಿನಲ್ಲಿರುವ ಒಬ್ಬರಿಗೂ ಕಳಿಸಿರಿ.

ಈಗ ಅಪ್ಪನ ಔಷಧ. ಇದರಲ್ಲಿ ಉಳಿತಾಯ ಬೇಡ. 2013ರ ಫೆಬ್ರುವರಿಯಲ್ಲಿ ಕಾರ್ನಿವಲ್ ಟ್ರಯಂಫ್ ಹಡಗು ಅಮೆರಿಕದ ಗ್ಯಾಲ್ವೆಸ್ಟನ್‌ನಿಂದ 4 ದಿನದ ಪ್ರವಾಸಕ್ಕೆ ಹೊರಟಿತ್ತು. 10ನೇ ತಾರೀಖು ಎಂಜಿನ್ ಕೋಣೆಗೆ ಬೆಂಕಿ ಬಿದ್ದು ಕರೆಂಟ್ ಹೋಯಿತು. ಟಗ್ ದೋಣಿಗಳು ಎಳೆದು ಅಲಬಾಮಾದ ಮೊಬೈಲ್ ಎಂಬ ಊರಿನ ಬಂದರಿಗೆ ಮುಟ್ಟಿಸುವ ಹೊತ್ತಿಗೆ 14ರ ರಾತ್ರಿ. ಯಾರೂ ದೋಣಿಗೆ ಇಳಿಯಲಿಲ್ಲ, ಆದರೆ ಎಸಿ ಇಲ್ಲ, ಟಾಯ್ಲೆಟ್ ಇಲ್ಲ, 4 ದಿನದ್ದು 7 ದಿನ ದಾಟಿತು. ಹಡಗು ಮುಳುಗುವುದಕ್ಕಿಂತ ಹೀಗೆ ಎಲ್ಲೋ ಕೆಟ್ಟು ನಿಲ್ಲುವುದೇ ಹೆಚ್ಚು. ಹಾಗಾಗಿ ಒಟ್ಟು ಪ್ರವಾಸಕ್ಕೆ ಬೇಕಾದ ಮಾತ್ರೆಯ ಎರಡರಷ್ಟು ಒಯ್ಯಿರಿ. ಡಬ್ಬಿಗೆ ಬಿಡಿಬಿಡಿಯಾಗಿ ಸುರಿಯದೆ ಸ್ಟ್ರಿಪ್ಪಿನಲ್ಲೇ ಇರಲಿ, ಡಾಕ್ಟರ ಚೀಟಿ ಜೊತೆಗಿರಲಿ. ನಿದ್ದೆ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಔಷಧ ಮುಂತಾದವಕ್ಕೆ ಸಿಂಗಾಪುರದಲ್ಲಿ ಮುಂಚಿತ ಅನುಮತಿ ಬೇಕಾಗುತ್ತದೆ, ಹೊರಡುವ ಮುಂಚೆ ವಿಚಾರಿಸಿ.

ಇನ್ಸುಲಿನ್ ಅಂದಕೂಡಲೇ ಐಸ್ ಹುಡುಕಬೇಡಿ. ಬಳಕೆಯಲ್ಲಿರುವ ಇನ್ಸುಲಿನ್ ಪೆನ್ನನ್ನು 30 ಡಿಗ್ರಿಯೊಳಗೆ ಇಟ್ಟರೆ ಸಾಮಾನ್ಯವಾಗಿ 4 ವಾರ ಬರುತ್ತದೆ, ನಿಖರವಾದ ಅವಧಿ ಅದರ ಪೆಟ್ಟಿಗೆಯ ಮೇಲಿರುತ್ತದೆ. ಹೆಪ್ಪುಗಟ್ಟಿದ ಇನ್ಸುಲಿನ್ ಮಾತ್ರ ಕೆಟ್ಟಂತೆಯೇ ಲೆಕ್ಕ, ಕರಗಿಸಿ ಬಳಸುವ ಹಾಗಿಲ್ಲ. ಕ್ಯಾಬಿನ್ನಿನ ಮಿನಿ ಫ್ರಿಜ್ಜಿನಲ್ಲಿ ಸಾಮಾನ್ಯವಾಗಿ ಪಾನೀಯ ತಂಪಾಗುತ್ತದೆ ಅಷ್ಟೇ, 2ರಿಂದ 8 ಡಿಗ್ರಿ ಹಿಡಿದಿಡುವ ಭರವಸೆ ಇಲ್ಲ. ತೆರೆಯದ ಪೆನ್ನುಗಳಿಗೆ ಹತ್ತಿದ ದಿನವೇ ರಿಸೆಪ್ಷನ್ನಿನಲ್ಲಿ ಔಷಧದ ಫ್ರಿಜ್ ಕೇಳಿ. ಅಪ್ಪನ ಪೌಚಿನಲ್ಲಿ ಒಂದು ಪೆನ್, ನಾಲ್ಕೈದು ಸೂಜಿ, ಚಿಕ್ಕ ಗ್ಲುಕೋಮೀಟರ್, ಅದರ ಹತ್ತು ಪರೀಕ್ಷಾ ಸ್ಟ್ರಿಪ್, ಮತ್ತು 15 ಗ್ರಾಂನಂತೆ ಕಟ್ಟಿದ ನಾಲ್ಕು ಗ್ಲುಕೋಸ್ ಪೊಟ್ಟಣ ಇರಲಿ. ಸಕ್ಕರೆ ಇಳಿದರೆ ಒಂದು ಪೊಟ್ಟಣ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ, ಏರದಿದ್ದರೆ ಇನ್ನೊಂದು. ತುರ್ತಿನ ಗಡಿಬಿಡಿಯಲ್ಲಿ ಇನ್ಸುಲಿನ್ ಚುಚ್ಚಿ ಊಟ ತಪ್ಪುವುದು ಎಲ್ಲಕ್ಕಿಂತ ಅಪಾಯ. ಪೆನ್ನನ್ನು ಪವರ್ ಬ್ಯಾಂಕಿಗೆ ತಾಗಿಸಿ ಇಡಬೇಡಿ, ಅದು ಬಿಸಿಯಾಗುತ್ತದೆ.

ಕ್ಯಾಬಿನ್ನಿನ ಬ್ಯಾಗಿಗೆ 5 ಲೀಟರಿನ ಡ್ರೈ ಬ್ಯಾಗ್, ಅಂದರೆ ಬಾಯಿ ಮಡಚಿದರೆ ನೀರು ಒಳಗಿಳಿಯದ ಚೀಲ, ಸಾಕು. ಬಾಯಿಯನ್ನು ಕನಿಷ್ಠ ಮೂರು ಸುತ್ತು ಮಡಚಿ ಕ್ಲಿಪ್ ಹಾಕಬೇಕು. ಒಂದೇ ಸುತ್ತು ಮಡಚಿ ಕ್ಲಿಪ್ ಹಾಕಿದರೆ ನೀರು ಒಳಗೆ ಬಂದೇ ಬರುತ್ತದೆ, ತೀರಾ ತುಂಬಿದರೆ ಮೂರು ಸುತ್ತು ಬರುವುದಿಲ್ಲ. ಒಟ್ಟು ತೂಕ 2 ಕೆಜಿ ದಾಟದಿರಲಿ. ಇದು ಏಕೆ ಇಷ್ಟು ಚಿಕ್ಕದು ಅಂದರೆ, ಲೈಫ್‌ಬೋಟಿನಲ್ಲಿ ಒಬ್ಬರಿಗೆ ಲೆಕ್ಕ ಹಾಕಿರುವ ಆಸನದ ಅಗಲ 43 ಸೆಂಟಿಮೀಟರ್, ತೂಕ 75 ಕೆಜಿ. ಜಾಕೆಟ್ ಹಾಕಿಕೊಂಡು ಅಷ್ಟು ಜಾಗದಲ್ಲಿ ಕೂತ ಮೇಲೆ ತೊಡೆಯ ಮೇಲೆ ಇಟ್ಟುಕೊಳ್ಳಲಾಗದ ಬ್ಯಾಗನ್ನು ಸಿಬ್ಬಂದಿ ದೋಣಿಗೆ ಹತ್ತಿಸುವುದೇ ಇಲ್ಲ. ನೀರು, ಊಟ ಹೊರುವುದೂ ಬೇಡ: ಅಂತರರಾಷ್ಟ್ರೀಯ ನಿಯಮದಂತೆ ಲೈಫ್‌ಬೋಟಿನಲ್ಲಿ ತಲಾ 3 ಲೀಟರ್ ನೀರು, 10,000 ಕಿಲೋಜೂಲ್‌ನಷ್ಟು ಆಹಾರ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ವಾಂತಿ ತಡೆಯುವ ಮಾತ್ರೆ ಇರಬೇಕು. ಆ ಮಾತ್ರೆ ಕೊಟ್ಟಾಗ ಬೇಡವೆನ್ನದೆ ಆಗಲೇ ನುಂಗಿ. ಮುಚ್ಚಿದ ದೋಣಿ ಅಲೆಗೆ ಹೊಯ್ದಾಡುವಾಗ ಬಹುತೇಕ ಎಲ್ಲರಿಗೂ ಹೊಟ್ಟೆ ತೊಳೆಸುತ್ತದೆ, ಒಮ್ಮೆ ಶುರುವಾದ ಮೇಲೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಆ ಬ್ಯಾಗಿನಲ್ಲಿ ಏನು? 3 ದಿನದ ಔಷಧ, ತಲೆಗೆ ಕಟ್ಟುವ ಟಾರ್ಚ್, 10,000 ಎಂಎಎಚ್‌ನ ಒಂದು ಪವರ್ ಬ್ಯಾಂಕ್ ಮತ್ತು ಗಿಡ್ಡ ಕೇಬಲ್, ಹೆಚ್ಚುವರಿ ಕನ್ನಡಕ, ಶ್ರವಣ ಸಾಧನವಿದ್ದರೆ ಅದರ ಸೆಲ್ಲು, ಮಡಚಿದರೆ ಮುಷ್ಟಿಯಷ್ಟಾಗುವ ಗಾಳಿತಡೆ ಜಾಕೆಟ್, ಮಗುವಿಗೆ ಒಂದು ಜೊತೆ ಬಟ್ಟೆ, ಸ್ಯಾನಿಟರಿ ಪ್ಯಾಡ್ ಅಥವಾ ಡೈಪರ್. ಮೇಣದಬತ್ತಿ, ಬೆಂಕಿಪೆಟ್ಟಿಗೆ ಬೇಡವೇ ಬೇಡ. ಪೂಜೆಗೆಂದು ಊದುಬತ್ತಿ, ದೀಪ ಒಯ್ಯುವ ಅಭ್ಯಾಸ ಅಮ್ಮನಿಗಿದ್ದರೆ ಮೊದಲೇ ಹೇಳಿಬಿಡಿ, ಕ್ಯಾಬಿನ್ನಿನಲ್ಲಿ ಬೆಂಕಿ ಹಚ್ಚುವುದಕ್ಕೆ ಹಡಗಿನಲ್ಲಿ ಅವಕಾಶವಿಲ್ಲ. ಒಡವೆ ಊರಲ್ಲೇ ಇರಲಿ.

ಬ್ಯಾಗನ್ನು ಬಾಗಿಲ ಹತ್ತಿರದ ಕೊಕ್ಕೆಗೆ ತೂಗುಹಾಕಿ. ಕ್ಯಾಬಿನ್ನಿನ ಗೋಡೆ ಸಾಮಾನ್ಯವಾಗಿ ಉಕ್ಕಿನದು, ಅಯಸ್ಕಾಂತದ ಕೊಕ್ಕೆ ಹಿಡಿಯುತ್ತದೆ. ಆದರೆ 10 ಕೆಜಿ ತಡೆಯುತ್ತದೆ ಎಂದು ಬರೆದಿರುವುದು ನೇರ ಎಳೆತಕ್ಕೆ. ಗೋಡೆಯ ಮೇಲೆ ಅದರ ಕಾಲು ಭಾಗದಷ್ಟು ಭಾರಕ್ಕೇ ಜಾರತೊಡಗಬಹುದು. ಬಾಗಿಲು ಬೆಂಕಿ ತಡೆಯುವಂಥದ್ದು, ಪೂರ್ತಿ ಮುಚ್ಚಿಕೊಳ್ಳದ ಹಾಗೆ ಅದಕ್ಕೆ ಏನನ್ನೂ ಸಿಕ್ಕಿಸಬೇಡಿ.

ಮಂಚದ ಪಕ್ಕ ಪ್ರತಿಯೊಬ್ಬರ ಶೂ ಇರಲಿ, ಒಳಗೆ ಕಾಲುಚೀಲ ತುರುಕಿ. ಮುಚ್ಚಿದ, ರಬ್ಬರ್ ಅಟ್ಟೆಯ ಶೂ. 2019ರ ಮಾರ್ಚ್ 23ರಂದು ನಾರ್ವೆಯ ಕರಾವಳಿಯಲ್ಲಿ ಬಿರುಗಾಳಿಗೆ ಸಿಕ್ಕಿ ವೈಕಿಂಗ್ ಸ್ಕೈ ಹಡಗಿನ ಎಂಜಿನ್‌ಗಳು ನಿಂತಾಗ, ಜನ ಸೇರಿದ್ದ ರೆಸ್ಟೋರೆಂಟಿಗೇ ಬಾಗಿಲು ಒಡೆದು ಸಮುದ್ರದ ನೀರು ನುಗ್ಗಿತು. ಹವಾಯಿ ಚಪ್ಪಲಿ ಅಂಥ ನೆಲದಲ್ಲಿ ಉಳಿಯುವುದಿಲ್ಲ. ಅಲ್ಲಿ ಸುಮಾರು 480 ಜನರನ್ನು ಹೆಲಿಕಾಪ್ಟರಿನಲ್ಲಿ ಒಬ್ಬೊಬ್ಬರಾಗಿ ಹಗ್ಗಕ್ಕೆ ಕಟ್ಟಿ ಎತ್ತಿದರು. ಹಾಗೆ ಮೇಲೇರುವಾಗ ಕೈಯಲ್ಲಿ ಬ್ಯಾಗ್ ಹಿಡಿಯುವ ಮಾತೇ ಇಲ್ಲ, ಬಟ್ಟೆಯೊಳಗಿನ ಚಪ್ಪಟೆ ಪೌಚ್ ಮಾತ್ರ ಜೊತೆ ಬರುತ್ತದೆ.

ಅಮ್ಮನಿಗೆ ರಾತ್ರಿಯ ಹೊತ್ತಿಗೆ ಸಲ್ವಾರ್ ಅಥವಾ ಟ್ರ್ಯಾಕ್ ಪ್ಯಾಂಟ್ ಒಪ್ಪಿಸಿ ನೋಡಿ. ಒಪ್ಪದಿದ್ದರೆ ಸೀರೆಯನ್ನು ಒಂದು ಗೇಣು ಮೇಲಕ್ಕೆ ಉಡಿಸಿ, ನೆರಿಗೆಗೆ ಪಿನ್ ಹಾಕಿ, ಸೆರಗನ್ನು ಸುತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದ ಮೇಲೆಯೇ ಜಾಕೆಟ್ ತೊಡಿಸಿ. ಜಾಕೆಟ್ಟಿನ ಹೊರಗೆ ತೂಗುವ ಸೆರಗು ಕಂಬಿಗೆ, ಏಣಿಗೆ, ಪಕ್ಕದವರ ಕ್ಲಿಪ್ಪಿಗೆ ಸಿಕ್ಕಿಕೊಳ್ಳುತ್ತದೆ. ಇದನ್ನು ಕ್ಯಾಬಿನ್ನಿನಲ್ಲಿ ಒಮ್ಮೆ ಮಾಡಿಸಿ ನೋಡಿದರೆ ಅವರಿಗೂ ಹೆದರಿಕೆ ಹೋಗುತ್ತದೆ.

ಹತ್ತಿದ ಕೂಡಲೇ ಮಗಳ ಅಳತೆಯ ಲೈಫ್ ಜಾಕೆಟ್ ಇದೆಯೇ ಎಂದು ಕ್ಯಾಬಿನ್ ಸಿಬ್ಬಂದಿಯನ್ನು ಕೇಳಿ. ದೊಡ್ಡವರ ಜಾಕೆಟ್ಟಿನಲ್ಲಿ ಮಗು ಕೆಳಕ್ಕೆ ಜಾರಿಹೋಗುತ್ತದೆ. ಮಸ್ಟರ್ ಸ್ಟೇಷನ್ ಬರೆದ ಕೈಪಟ್ಟಿ ಕೊಟ್ಟರೆ ಸ್ನಾನಕ್ಕೂ ಬಿಚ್ಚಬೇಡಿ. ಮಗಳನ್ನು ಮಕ್ಕಳ ಕ್ಲಬ್ಬಿನಲ್ಲಿ ಬಿಡುವುದಾದರೆ ಅಲಾರಂ ಹೊತ್ತಿಗೆ ಅವರೇ ಕರೆತರುತ್ತಾರೋ, ನೀವು ಹೋಗಬೇಕೋ ಎಂದು ಮೊದಲ ದಿನವೇ ಸ್ಪಷ್ಟ ಮಾಡಿಕೊಳ್ಳಿ. ಅಪ್ಪನಿಗೆ ಮೆಟ್ಟಿಲು ಕಷ್ಟವಾದರೆ ರಿಸೆಪ್ಷನ್ನಿನಲ್ಲಿ ಹೆಸರು ಬರೆಸಿ, ಸಹಾಯಕ್ಕೆ ಸಿಬ್ಬಂದಿ ಗೊತ್ತುಮಾಡುತ್ತಾರೆ.

ತುರ್ತು ಸಂಕೇತ ಏಳು ಗಿಡ್ಡ ಸದ್ದು, ನಂತರ ಒಂದು ಉದ್ದ ಸದ್ದು. ಕಾಂಕಾರ್ಡಿಯಾ ದುರಂತದ ನಂತರ, 2015ರ ಜನವರಿ 1ರಿಂದ, ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಪ್ರಯಾಣಿಕರಿಗೆ ತುರ್ತಿನ ಕವಾಯತು ಮಾಡಿಸಲೇಬೇಕು. ಈಗ ಹಲವು ಹಡಗುಗಳಲ್ಲಿ ಫೋನಿನಲ್ಲಿ ವಿಡಿಯೊ ನೋಡಿ, ಸ್ಟೇಷನ್ನಿಗೆ ಹೋಗಿ ಕಾರ್ಡ್ ಸ್ಕ್ಯಾನ್ ಮಾಡಿಸಿದರೆ ಮುಗಿಯಿತು. ಅಷ್ಟಕ್ಕೇ ಬಿಡದೆ ನಿಮ್ಮ ಕ್ಯಾಬಿನ್ನಿನಿಂದ ಸ್ಟೇಷನ್ನಿಗೆ ಮೆಟ್ಟಿಲಲ್ಲೇ ಒಮ್ಮೆ ನಡೆಯಿರಿ, ಮೆಟ್ಟಿಲವರೆಗೆ ಎಷ್ಟು ಬಾಗಿಲು ಎಂದು ಎಣಿಸಿ. ಹೊಗೆಯಲ್ಲಿ ಬೋರ್ಡ್ ಕಾಣದು. ನೆಲದ ಬಳಿ ಹೊಳೆಯುವ ಪಟ್ಟಿ ಮತ್ತು ನಿಮ್ಮ ಎಣಿಕೆ ಎರಡೇ ದಾರಿ.

ಫುಕೆಟ್‌ನಲ್ಲಿ ದಡಕ್ಕಿಳಿಯುವಾಗ ಇನ್ನೊಂದು ಬಗೆಯ ತುರ್ತು ಕಾದಿರುತ್ತದೆ. ಥಾಯ್ಲೆಂಡಿನ ಗಡಿಯಾರ ಸಿಂಗಾಪುರಕ್ಕಿಂತ ಒಂದು ಗಂಟೆ ಹಿಂದೆ. ಹಡಗು ಸಿಂಗಾಪುರದ ಸಮಯವನ್ನೇ ಇಟ್ಟುಕೊಂಡಿದ್ದರೆ, ನಿಮ್ಮ ಫೋನ್ ತಾನಾಗಿ 4 ಗಂಟೆ ತೋರಿಸುವಾಗ ಹಡಗಿನಲ್ಲಿ 5 ಆಗಿರುತ್ತದೆ. ಕೈಗಡಿಯಾರವನ್ನು ಹಡಗಿನ ಸಮಯಕ್ಕಿಟ್ಟು ಅದನ್ನೇ ನಂಬಿ. ದಿನದ ಕಾರ್ಯಕ್ರಮದ ಹಾಳೆಯಲ್ಲಿ ಬಂದರಿನ ಏಜೆಂಟರ ನಂಬರು ಇರುತ್ತದೆ, ಅದರ ಫೋಟೋ ತೆಗೆದು ಚೀಟಿಯ ಮೇಲೂ ಬರೆದುಕೊಳ್ಳಿ. ಹಡಗು ತಪ್ಪಿದರೆ ಮೊದಲ ಕರೆ ಅವರಿಗೆ.

ದೊಡ್ಡ ಸೂಟ್‌ಕೇಸುಗಳು ಹತ್ತಿದ ದಿನ ಸಂಜೆಯವರೆಗೂ ಕ್ಯಾಬಿನ್ನಿಗೆ ಬರದೆ ಇರಬಹುದು. ಕೊನೆಯ ರಾತ್ರಿ ಅವನ್ನು ಬಾಗಿಲ ಹೊರಗಿಡಲು ಹೇಳುತ್ತಾರೆ, ಮತ್ತೆ ಸಿಗುವುದು ಬೆಳಿಗ್ಗೆ ಟರ್ಮಿನಲ್‌ನಲ್ಲಿ. ಶೂ, ಇನ್ಸುಲಿನ್, ಬೆಳಗಿನ ಮಾತ್ರೆ, ಪಾಸ್‌ಪೋರ್ಟ್ ಅದರೊಳಗೆ ಸೇರಿಹೋಗುವುದು ಆ ರಾತ್ರಿಯೇ. ಸೂಟ್‌ಕೇಸ್ ಬೀಗ ಹಾಕುವ ಮುಂಚೆ ಪೌಚ್ ಮತ್ತು ಡ್ರೈ ಬ್ಯಾಗ್ ಎರಡನ್ನೂ ಮಂಚದ ಮೇಲೆ ಸುರಿದು ಒಮ್ಮೆ ನೋಡಿಕೊಳ್ಳಿ.