ರೇಡ್ ಮುಗಿದ ಮೇಲೆ ಆ ಬೀದಿಗೆ ಉತ್ತರ ಹೇಳುವವರು ಯಾರು?

ಪ್ರಶ್ನೆ: ನಾವು ಪೂರ್ವ ಲಂಡನ್‌ನ ನ್ಯೂಹ್ಯಾಮ್‌ನಲ್ಲಿದ್ದೇವೆ. ಇಲ್ಲೇ ಫಾರೆಸ್ಟ್ ಗೇಟ್‌ನಲ್ಲಿ 2006ರಲ್ಲಿ ನಡೆದ ಪೊಲೀಸ್ ರೇಡ್ ಬಗ್ಗೆ ನಮ್ಮ ಮುಸ್ಲಿಂ ನೆರೆಯವರು ಈಗಲೂ ನೊಂದು ಮಾತಾಡುತ್ತಾರೆ. ಬಾಂಬ್ ಇದೆ ಅಂತ ಸುಳಿವು ಬಂದರೆ ಪೊಲೀಸರು ಸುಮ್ನೆ ಕೂರೋಕಾಗುತ್ತಾ? ಒಂದು ಮನೆಗೆ ನುಗ್ಗಿದ್ದಕ್ಕೆ ಇಡೀ ಸಮುದಾಯ ಯಾಕೆ ಬೇಸರ ಮಾಡಿಕೊಳ್ಳಬೇಕು?

ಉತ್ತರ: ಸುಮ್ನೆ ಕೂರೋಕಾಗಲ್ಲ. ಅದರಲ್ಲಿ ಎರಡು ಮಾತಿಲ್ಲ. 2005ರ ಜುಲೈ 7ರಂದು ಲಂಡನ್‌ನ ಸುರಂಗ ರೈಲುಗಳಲ್ಲಿ ಮತ್ತು ಒಂದು ಬಸ್ಸಿನಲ್ಲಿ ಬಾಂಬ್ ಸಿಡಿದು 52 ಜನ ಸತ್ತಿದ್ದರು. ಅದಾಗಿ ವರ್ಷ ತುಂಬುವ ಮೊದಲೇ ರಾಸಾಯನಿಕ ಬಾಂಬ್ ಇದೆ ಎಂಬ ಮಾಹಿತಿ ಬಂದಾಗ ಯಾವ ಅಧಿಕಾರಿಯೂ ಅದನ್ನು ಬದಿಗಿಡುವ ಹಾಗಿರಲಿಲ್ಲ.

ಆದರೆ ಆಮೇಲೆ ಏನಾಯಿತು ನೋಡಿ. 2006ರ ಜೂನ್ 2ರ ಬೆಳಗಿನ ಜಾವ ಸುಮಾರು 250 ಪೊಲೀಸರು ಬಂದರು. ಕೆಲವರು ರಾಸಾಯನಿಕ ತಡೆಯುವ ಉಡುಪು ಹಾಕಿದ್ದರು. ಆ ಮನೆಯಲ್ಲಿದ್ದ ಬಾಂಗ್ಲಾದೇಶಿ ಮೂಲದ ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಪೊಲೀಸರ ಗುಂಡು ತಗುಲಿತು. ದಿನಗಟ್ಟಲೆ ಮನೆ ಜಾಲಾಡಿದರೂ ಬಾಂಬ್ ಸಿಗಲಿಲ್ಲ. ಒಂದು ವಾರದ ನಂತರ ಇಬ್ಬರನ್ನೂ ಯಾವ ಆರೋಪವೂ ಇಲ್ಲದೆ ಬಿಟ್ಟರು. ಪೊಲೀಸರು ಬಹಿರಂಗವಾಗಿ ವಿಷಾದ ಹೇಳಿದರು. ಗುಂಡು ಆಕಸ್ಮಿಕವಾಗಿ ಹಾರಿದ್ದು ಎಂದು ಸ್ವತಂತ್ರ ತನಿಖೆ ಹೇಳಿತು. ಆದರೆ ಆ ಒಂದು ವಾರದಲ್ಲಿ ಆ ಹುಡುಗರ ಬಗ್ಗೆ ಹಬ್ಬಿದ ಸುದ್ದಿಗಳು ಹಬ್ಬಿಯಾಗಿತ್ತು. ಅದನ್ನು ವಾಪಸ್ ತೆಗೆದುಕೊಳ್ಳುವವರು ಯಾರು?

ನಿಮ್ಮ ನೆರೆಯವರ ಬೇಸರದ ಬೇರು ಇಲ್ಲಿದೆ. ಅದೇ ಬೀದಿಯಲ್ಲಿ ಅಂಥದ್ದೇ ಹೆಸರು, ಅಂಥದ್ದೇ ಗಡ್ಡ, ಅಂಥದ್ದೇ ಮನೆ ಇರುವ ತಂದೆ ಅವತ್ತು ರಾತ್ರಿ ಮಲಗುವಾಗ 'ನಾಳೆ ನಮ್ಮ ಬಾಗಿಲು ಮುರಿದರೆ?' ಅಂತ ಯೋಚಿಸುತ್ತಾನೆ. ಬೇರೆಯವರು ಆ ಸುದ್ದಿಯನ್ನು ಸುದ್ದಿಯಾಗಿಯೇ ಓದಿ ಪುಟ ತಿರುಗಿಸುತ್ತಾರೆ. ಇವರಿಗೆ ಆ ಅನುಕೂಲ ಇಲ್ಲ.

ಹಾಗಂತ ಎಲ್ಲ ರೇಡೂ ಅನ್ಯಾಯ ಎನ್ನುವುದು ಸುಳ್ಳು. 2007ರ ಜನವರಿ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ದಾಳಿ ನಡೆದಾಗಲೂ ಜನ ಸಿಟ್ಟಾಗಿದ್ದರು. ಅಲ್ಲಿ ಸಂಚು ನಿಜವಾಗಿತ್ತು. ಬ್ರಿಟಿಷ್ ಸೇನೆಯಲ್ಲಿದ್ದ ಮುಸ್ಲಿಂ ಸೈನಿಕನನ್ನೇ ಅಪಹರಿಸಿ ಕೊಲ್ಲಬೇಕೆಂದಿದ್ದರು. ಮುಖ್ಯ ಆರೋಪಿ ತಪ್ಪೊಪ್ಪಿಕೊಂಡ, 2008ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಆ ರೇಡ್ ಉಳಿಸಿದ್ದು ಒಬ್ಬ ಮುಸ್ಲಿಮನ ಜೀವವನ್ನು.

ಅದೇ ಊರಿನಲ್ಲಿ ನಂಬಿಕೆಗೆ ದೊಡ್ಡ ಏಟು ಬಿದ್ದದ್ದು ಬಾಗಿಲು ಮುರಿದದ್ದರಿಂದಲ್ಲ, ಸುಳ್ಳು ಹೇಳಿದ್ದರಿಂದ. 2010ರಲ್ಲಿ ಮುಸ್ಲಿಮರು ಜಾಸ್ತಿ ಇರುವ ವಾಶ್‌ವುಡ್ ಹೀತ್ ಮತ್ತು ಸ್ಪಾರ್ಕ್‌ಬ್ರೂಕ್ ಬಡಾವಣೆಗಳಿಗೆ ಪೊಲೀಸರು 218 ಕ್ಯಾಮೆರಾ ತಂದರು. ಅವುಗಳಲ್ಲಿ 72 ಕಣ್ಣಿಗೆ ಕಾಣದಂಥವು. ಜನರಿಗೆ ಹೇಳಿದ್ದು ಕಳ್ಳತನ, ಪುಂಡಾಟ ತಡೆಯೋಕೆ ಅಂತ. ದುಡ್ಡು ಬಂದದ್ದು ಭಯೋತ್ಪಾದನೆ ನಿಗ್ರಹದ ಲೆಕ್ಕದಿಂದ. ವಿಷಯ ಹೊರಬಿದ್ದ ಮೇಲೆ ಕ್ಯಾಮೆರಾಗಳಿಗೆ ಚೀಲ ಕಟ್ಟಿದರು, ಆಮೇಲೆ ಬಿಚ್ಚಿ ಒಯ್ದರು. ಹಿಂದಿನ ಶಾಂತಿ ಸಭೆಗಳಲ್ಲಿ ಪೊಲೀಸರ ಪರ ಮಾತಾಡಿದ್ದ ಹಿರಿಯರು ಇಂಥ ಹೊತ್ತಿನಲ್ಲಿ ತಮ್ಮವರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ. ಅವರನ್ನು ಮತ್ತೆ ಸಭೆಗೆ ಕರೆಯುವುದು ಸುಲಭವಲ್ಲ.

ಪ್ರಶ್ನೆ: ಒಬ್ಬೊಬ್ಬರನ್ನು ಹುಡುಕುವ ಬದಲು ಇಡೀ ಮೊಹಲ್ಲಾ ಮೇಲೆ ಕಣ್ಣಿಟ್ಟರೆ ಅನಾಹುತ ತಪ್ಪುತ್ತದೆ ಅಲ್ವಾ?

ಉತ್ತರ: ನ್ಯೂಯಾರ್ಕ್ ಪೊಲೀಸರು ಇದನ್ನು ಮಾಡಿ ನೋಡಿದರು. ಮುಸ್ಲಿಮರ ಹೋಟೆಲ್, ಅಂಗಡಿ, ಮಸೀದಿಗಳ ಮೇಲೆ ಕಣ್ಣಿಡಲು ಪ್ರತ್ಯೇಕ ಘಟಕವೇ ಇತ್ತು. ಆರು ವರ್ಷಗಳಲ್ಲಿ ಅಲ್ಲಿಂದ ಭಯೋತ್ಪಾದನೆಯ ತನಿಖೆಗೆ ಒಂದೇ ಒಂದು ಸುಳಿವೂ ಬಂದಿಲ್ಲ ಎಂದು ಇಲಾಖೆಯ ಹಿರಿಯ ಅಧಿಕಾರಿಯೇ 2012ರಲ್ಲಿ ಪ್ರಮಾಣ ಮಾಡಿ ಹೇಳಿದರು. 2014ರಲ್ಲಿ ಘಟಕ ಮುಚ್ಚಿತು. ಬ್ರಿಟನ್‌ನಲ್ಲಿ ಶಂಕೆಗೆ ಕಾರಣ ಇಲ್ಲದಿದ್ದರೂ ದಾರಿಯಲ್ಲಿ ನಿಲ್ಲಿಸಿ ತಪಾಸಣೆ ಮಾಡುವ ಅಧಿಕಾರವಿತ್ತು. 2009-10ರಲ್ಲಿ ಹೀಗೆ ಒಂದು ಲಕ್ಷಕ್ಕೂ ಜಾಸ್ತಿ ತಪಾಸಣೆ ನಡೆಯಿತು. ಭಯೋತ್ಪಾದನೆಯ ಅಪರಾಧಕ್ಕಾಗಿ ಸಿಕ್ಕಿಬಿದ್ದವರು ಒಬ್ಬರೂ ಇಲ್ಲ.

ಅಮೆರಿಕದ ವಿದ್ವಾಂಸ ಟಾಮ್ ಟೈಲರ್ ಮತ್ತು ಸಂಗಡಿಗರು ನ್ಯೂಯಾರ್ಕ್‌ನ ಮುಸ್ಲಿಮರ ನಡುವೆ ಅಧ್ಯಯನ ಮಾಡಿದ್ದಾರೆ. ಪೊಲೀಸರು ನ್ಯಾಯವಾಗಿ, ಗೌರವದಿಂದ ನಡೆದುಕೊಳ್ಳುತ್ತಾರೆ ಎಂದು ನಂಬಿದವರೇ ಸುಳಿವು ಕೊಡಲು ಮುಂದೆ ಬರುವವರು ಎಂದು ಅವರು ಕಂಡುಕೊಂಡರು. ಧರ್ಮಶ್ರದ್ಧೆ ಹೆಚ್ಚೋ ಕಡಿಮೆಯೋ ಎಂಬುದರಿಂದ ಇದರಲ್ಲಿ ಅಂಥ ವ್ಯತ್ಯಾಸ ಆಗಲಿಲ್ಲ. ಪಕ್ಕದ ಮನೆಯ ಹುಡುಗ ದಾರಿ ತಪ್ಪುತ್ತಿದ್ದಾನೆ ಎಂದು ಮೊದಲು ಗೊತ್ತಾಗುವುದು ಅವನ ಓಣಿಯವರಿಗೇ. ಅವರು ಠಾಣೆ ಮೆಟ್ಟಿಲು ಹತ್ತುವ ಹಾಗಿರಬೇಕು.

ಪ್ರಶ್ನೆ: ನಮ್ಮದು ಕರಾವಳಿಯ ಒಂದು ಊರು. ಬೆಳಗಿನ ಜಾವ ಪೊಲೀಸರು ಬಂದು ಮನೆ ಶೋಧಿಸಿದರು. ನನ್ನ ತಮ್ಮನನ್ನು ವಿಚಾರಣೆಗೆ ಕರೆದುಕೊಂಡು ಹೋಗಿ, ಏನೂ ಸಿಗದೆ ಬಿಟ್ಟರು. ಈಗ ಅವನ ಅಂಗಡಿಗೆ ಹಳೇ ಗಿರಾಕಿಗಳೂ ಬರುತ್ತಿಲ್ಲ. ನಾವೇನು ಮಾಡಬೇಕು?

ಉತ್ತರ: ನಿಮ್ಮ ಪತ್ರ ಓದಿ ಮನಸ್ಸಿಗೆ ತುಂಬ ಕಷ್ಟವಾಯಿತು. ಮೊದಲು ಕಾಗದಪತ್ರದ ವಿಷಯ ಹೇಳುತ್ತೇನೆ, ಯಾಕೆಂದರೆ ಅದನ್ನು ತಡ ಮಾಡಬಾರದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಶೋಧಕ್ಕೆ ಸ್ಥಳೀಯರಾದ ಇಬ್ಬರಾದರೂ ಪಂಚರು ಬೇಕು. ವಶಪಡಿಸಿಕೊಂಡ ವಸ್ತುಗಳ ಪಟ್ಟಿ ಮಾಡಿ ಮನೆಯವರಿಗೆ ಪ್ರತಿ ಕೊಡಬೇಕು. ಸೆಕ್ಷನ್ 105ರಂತೆ ಶೋಧವನ್ನು ವಿಡಿಯೋ ಮಾಡಿ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಹೆಂಗಸರ ಮೈ ತಪಾಸಣೆಯನ್ನು ಹೆಂಗಸರೇ ಮಾಡಬೇಕು. ಬಂಧಿಸಬೇಕಾದವರನ್ನು ಹುಡುಕಿಕೊಂಡು ಬಂದಾಗ, ಗೋಷಾ ಪಾಲಿಸುವ ಹೆಣ್ಣುಮಕ್ಕಳಿರುವ ಕೋಣೆಯ ಬಾಗಿಲು ಮುರಿಯುವ ಮುಂಚೆ ಅವರು ಹೊರಗೆ ಹೋಗಲು ಅವಕಾಶ ಕೊಡಬೇಕು. ಇವೆಲ್ಲ ಪೊಲೀಸರ ಕೈ ಕಟ್ಟುವ ನಿಯಮಗಳಲ್ಲ. ಸರಿಯಾಗಿ ಪಾಲಿಸಿದರೆ ನಾಳೆ ಅವರ ಮೇಲೂ ಸುಳ್ಳು ಆಪಾದನೆ ಬರುವುದಿಲ್ಲ. ಮಹಜರಿನ ಪ್ರತಿ ಸಿಕ್ಕಿಲ್ಲವಾದರೆ ಅರ್ಜಿ ಕೊಟ್ಟು ಕೇಳಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ.

ಎರಡನೆಯದು ಹೆಸರಿನ ವಿಷಯ. ಮೂಡಿಗೆರೆಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ವೈದ್ಯಕೀಯ ಓದಿದ ಡಾ. ಮೊಹಮ್ಮದ್ ಹನೀಫ್ ಅವರ ಕಥೆ ನಿಮಗೆ ನೆನಪಿರಬಹುದು. 2007ರ ಜುಲೈ 2ರಂದು ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಅವರನ್ನು ಬಂಧಿಸಿದರು. ಹನ್ನೆರಡು ದಿನ ಆರೋಪ ಹೊರಿಸದೆ ಇಟ್ಟುಕೊಂಡರು. ಅವರ ಸಿಮ್ ಕಾರ್ಡ್ ಬ್ರಿಟನ್ನಿನ ಗ್ಲಾಸ್ಗೋ ವಿಮಾನ ನಿಲ್ದಾಣದ ಮೇಲೆ ನಡೆದ ದಾಳಿಯ ಜೀಪಿನಲ್ಲಿ ಸಿಕ್ಕಿತು ಎಂದು ಕೋರ್ಟಿನಲ್ಲಿ ಹೇಳಿದರು. ಅದು ನಿಜಕ್ಕೂ ಇದ್ದದ್ದು ಲಿವರ್‌ಪೂಲ್‌ನಲ್ಲಿ, ಸಂಬಂಧಿಕನ ಹತ್ತಿರ. ಜುಲೈ 27ರಂದು ಪ್ರಕರಣ ಕೈಬಿಟ್ಟರು. ಅಲ್ಲಿನ ಸರ್ಕಾರ ವಿಚಾರಣೆ ಮಾಡಿಸಿತು, 2010ರ ಕೊನೆಗೆ ಪರಿಹಾರ ಕೊಟ್ಟಿತು. ಬಂಧನದ ಸುದ್ದಿಗೆ ಒಂದು ದಿನ ಸಾಕಾಯಿತು, ಅದನ್ನು ತೊಳೆಯಲು ಮೂರು ವರ್ಷ ಬೇಕಾಯಿತು.

ಆದ್ದರಿಂದ ನಿಮ್ಮ ಎಸ್‌ಪಿಯವರಿಗೆ ಅರ್ಜಿ ಕೊಡಿ. ತಮ್ಮನ ಮೇಲೆ ಪ್ರಕರಣ ಇಲ್ಲವೆಂದು ಲಿಖಿತ ಹಿಂಬರಹ ಕೇಳಿ. ಮುಂದಿನ ಶಾಂತಿ ಸಭೆಯಲ್ಲಿ ಇನ್‌ಸ್ಪೆಕ್ಟರ್ ಅದನ್ನು ಬಾಯಿಬಿಟ್ಟು ಹೇಳಬೇಕೆಂದು ಜಮಾತ್‌ನವರೂ ಊರಿನ ಇತರ ಹಿರಿಯರೂ ಒಟ್ಟಿಗೆ ಹೋಗಿ ಕೇಳಲಿ. ಮುಸ್ಲಿಮರು ಮಾತ್ರ ಹೋದರೆ ಅದು 'ಅವರವರ ದೂರು' ಆಗಿಬಿಡುತ್ತದೆ. ಒಪ್ಪದಿದ್ದರೆ ಪೊಲೀಸ್ ದೂರು ಪ್ರಾಧಿಕಾರ ಇದೆ, ರಾಜ್ಯ ಮಾನವ ಹಕ್ಕುಗಳ ಆಯೋಗ ಇದೆ.

ನಿಮ್ಮ ಊರಿನ ಹಳೇ ಗಿರಾಕಿಗಳು ಯಾರಾದರೂ ಇದನ್ನು ಓದುತ್ತಿದ್ದರೆ ಅವರಲ್ಲಿ ನನ್ನದೊಂದು ಕೋರಿಕೆ ಇದೆ. ನಾಳೆ ಬೆಳಗ್ಗೆ ಆ ಅಂಗಡಿಗೆ ಹೋಗಿ, ಎಂದಿನ ಹಾಗೆ ಸಾಮಾನು ತನ್ನಿ.