ಚಂದ್ರನಲ್ಲಿ ಗಿರಾಕಿ ಯಾರು?

ಪತ್ರದ ಸಾರ: ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಿಂದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರು ಬರೆದಿದ್ದಾರೆ. ಚಂದ್ರನ ದಕ್ಷಿಣ ಧ್ರುವದಲ್ಲಿ ನೂರು ಜನರ ನೆಲೆ ಕಟ್ಟಿ, ಹೀಲಿಯಂ-3 (ಹೀಲಿಯಂ ಅನಿಲದ ಅಪರೂಪದ, ಹಗುರ ರೂಪ) ಅಗೆದು ಭೂಮಿಗೆ ತಂದು ಮಾರಿದರೆ ಇಪ್ಪತ್ತು ವರ್ಷಗಳಲ್ಲಿ ಬಂಡವಾಳ ಮರಳುತ್ತದೆ ಎಂಬುದು ಅವರ ಲೆಕ್ಕ. ಕೇಳಿರುವ ಪ್ರಶ್ನೆಗಳು ಮೂರು: ಈ ಲೆಕ್ಕ ನಿಲ್ಲುತ್ತದೆಯೇ? ನಮ್ಮವರು ಏಕೆ ಇದಕ್ಕೆ ಕೈಹಾಕುತ್ತಿಲ್ಲ? ಅಂತರ್ಜಾಲದಲ್ಲಿ ಮಾರಾಟಕ್ಕಿರುವ ಚಂದ್ರನ ಒಂದು ಎಕರೆಯನ್ನು ಕೊಂಡಿಟ್ಟರೆ ಮುಂದೆ ಬೆಲೆ ಬಂದೀತೇ? ತಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು ಎಂದೂ ತಿಳಿಸಿದ್ದಾರೆ.

ಪ್ರಿಯ ಓದುಗರೆ,

ಕೈಬರಹದ ಕೋಷ್ಟಕಗಳನ್ನೂ ಸೇರಿಸಿ ನಿಮ್ಮ ಪತ್ರವನ್ನು ಪೂರ್ತಿ ಓದಿದೆ. ಆದಾಯದ ಅಂಕಣದಷ್ಟೇ ಶ್ರದ್ಧೆಯಿಂದ ಖರ್ಚಿನ ಅಂಕಣವನ್ನೂ ತುಂಬಿದ್ದೀರಿ. ಚಂದ್ರನ ವಿಚಾರವಾಗಿ ನಮಗೆ ಬರುವ ಪತ್ರಗಳಲ್ಲಿ ಇದು ಅಪರೂಪ. ಹಾಗಾಗಿ ಉತ್ತರವೂ ಸ್ವಲ್ಪ ದೀರ್ಘವಾಗಿಯೇ ಇರಲಿ.

ಕೊನೆಯ ಪ್ರಶ್ನೆಯನ್ನು ಮೊದಲೇ ಮುಗಿಸಿಬಿಡುತ್ತೇನೆ. ಆ ಎಕರೆಗೆ ದುಡ್ಡು ಕೊಡಬೇಡಿ. 1967ರ ಬಾಹ್ಯಾಕಾಶ ಒಪ್ಪಂದದ ಎರಡನೆಯ ವಿಧಿಯ ಪ್ರಕಾರ ಯಾವ ದೇಶವೂ ಚಂದ್ರನ ಮೇಲೆ ಒಡೆತನ ಸಾಧಿಸುವಂತಿಲ್ಲ. ತನ್ನದಲ್ಲದ ನೆಲಕ್ಕೆ ಯಾವ ಸರ್ಕಾರವೂ ಪಹಣಿ ಬರೆದುಕೊಡಲಾರದು. ನಿಮಗೆ ಸಿಗುವುದು ಅಂದವಾದ ಒಂದು ಕಾಗದ, ಅಷ್ಟೇ. ಅಗೆದು ತೆಗೆದ ಪದಾರ್ಥದ ಮಾತು ಬೇರೆ. ಅದು ಅಗೆದವರಿಗೆ ಸೇರುತ್ತದೆ ಎಂದು ಅಮೆರಿಕ 2015ರಲ್ಲಿ, ಲಕ್ಸೆಂಬರ್ಗ್ 2017ರಲ್ಲಿ ಕಾನೂನು ಮಾಡಿಕೊಂಡವು. 2020ರಲ್ಲಿ ನಾಸಾ ಚಂದ್ರನ ಮಣ್ಣನ್ನು ಅಲ್ಲಿಯೇ ಕೊಳ್ಳಲು ಕೆಲವು ಕಂಪನಿಗಳೊಂದಿಗೆ ಕರಾರು ಮಾಡಿಕೊಂಡಿತು. ಅವುಗಳಲ್ಲಿ ಲೂನಾರ್ ಔಟ್‌ಪೋಸ್ಟ್ ಎಂಬ ಕಂಪನಿ ಕೂಗಿದ ಬೆಲೆ ಒಂದು ಡಾಲರ್. ಮಾರುವ ಹಕ್ಕಿದೆ ಎಂದು ತೋರಿಸಿಕೊಡುವುದೇ ಆ ವ್ಯವಹಾರದ ಉದ್ದೇಶವಾಗಿತ್ತು.

ಈಗ ಹೀಲಿಯಂ-3. ಸೂರ್ಯನಿಂದ ಹೊಮ್ಮುವ ಕಣಗಳನ್ನು ತಡೆಯಲು ಚಂದ್ರನಿಗೆ ವಾಯುಮಂಡಲವಿಲ್ಲ. ಕೋಟ್ಯಂತರ ವರ್ಷಗಳಿಂದ ಅವು ನೇರವಾಗಿ ಮಣ್ಣಿಗೆ ಬಡಿದು ಅದರೊಳಗೆ ಸೇರಿಕೊಂಡಿವೆ. ಅಪೊಲೊ ಯಾತ್ರಿಗಳು ತಂದ ಮಣ್ಣಿನಲ್ಲಿ ಹೀಲಿಯಂ-3ನ್ನು ಅಳೆದೂ ಆಗಿದೆ. ನಿಮ್ಮ ಕೋಷ್ಟಕ ಎಡವಿರುವುದು ಪ್ರಮಾಣದಲ್ಲಿ. ನೂರು ಕೋಟಿ ಭಾಗ ಮಣ್ಣಿನಲ್ಲಿ ಹತ್ತು ಭಾಗ ಎಂದು ಹಿಡಿಯಿರಿ. ಒಂದು ಕಿಲೋ ಬೇಕಾದರೆ ಒಂದು ಲಕ್ಷ ಟನ್ ಮಣ್ಣನ್ನು ಸೋಸಬೇಕು. ಐದು ಎಕರೆ ನೆಲವನ್ನು ಹತ್ತಡಿ ಆಳಕ್ಕೆ ಅಗೆದು, ಅಷ್ಟೂ ಮಣ್ಣನ್ನು 700 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಸಿಕ್ಕುವುದು ಒಂದೇ ಒಂದು ಕಿಲೋ. ಬಿಸಿಯನ್ನು ಮರಳಿ ಹಿಡಿದು ಬಳಸದೆ ಹೋದರೆ, ಕಾಯಿಸುವುದಕ್ಕೇ ಸುಮಾರು ಒಂದೂವರೆ ಕೋಟಿ ಯೂನಿಟ್‌ನಷ್ಟು ಶಕ್ತಿ ಹೋಗುತ್ತದೆ.

ಕಾಯಿಸುವುದೂ ಸುಲಭವಲ್ಲ. 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ-3ರ ವಿಕ್ರಮ್ ನೌಕೆ ‘ಚೇಸ್ಟ್’ ಎಂಬ ತಾಪಮಾಪಕ ಸಲಾಕೆಯನ್ನು ಮಣ್ಣಿಗೆ ಚುಚ್ಚಿತು. ಹಗಲಿನಲ್ಲಿ ಮೇಲ್ಮೈ 50 ಡಿಗ್ರಿಯ ಆಸುಪಾಸಿನಲ್ಲಿದ್ದಾಗ ಕೇವಲ ಎಂಟು ಸೆಂಟಿಮೀಟರ್ ಕೆಳಗೆ ಉಷ್ಣತೆ ಸೊನ್ನೆಗಿಂತ ಸುಮಾರು ಹತ್ತು ಡಿಗ್ರಿ ಕಡಿಮೆ ಇತ್ತು. ಆ ಮಣ್ಣಿನಲ್ಲಿ ಬಿಸಿ ಒಂದು ಗೇಣು ದೂರಕ್ಕೂ ಹರಿಯುವುದಿಲ್ಲ. ಮನೆಯನ್ನು ಮಣ್ಣಿನಡಿ ಹೂಳುವವರಿಗೆ ಇದು ವರವಾದರೆ, ಲಕ್ಷ ಟನ್ ಮಣ್ಣನ್ನು ಹುರಿಯಹೊರಟವರಿಗೆ ಶಾಪ. ಇನ್ನೊಂದು ತೊಡಕೂ ಇದೆ. ಹೀಲಿಯಂ ಹೆಚ್ಚಾಗಿ ನಿಲ್ಲುವುದು ಟೈಟಾನಿಯಂ ತುಂಬಿದ ಮಣ್ಣಿನಲ್ಲಿ, ಅಂದರೆ ಸಮಭಾಜಕದ ಸಮೀಪದ ಟ್ರ್ಯಾಂಕ್ವಿಲಿಟಿಯಂತಹ ಬಯಲುಗಳಲ್ಲಿ. ನೀವು ನೆಲೆ ಹೂಡಿರುವುದು ದಕ್ಷಿಣ ಧ್ರುವದಲ್ಲಿ. ನಡುವೆ ಎರಡೂವರೆ ಸಾವಿರ ಕಿಲೋಮೀಟರಿಗೂ ಮಿಕ್ಕಿದ ಹಾದಿ.

ಇಷ್ಟೆಲ್ಲ ಮಾಡಿ ತಂದರೆ ಕೊಳ್ಳುವವರು ಯಾರು? ಸಮ್ಮಿಳನ ವಿದ್ಯುತ್ ಸ್ಥಾವರಗಳು, ಅಂದರೆ ಹಗುರ ಪರಮಾಣುಗಳನ್ನು ಬೆಸೆದು ಶಕ್ತಿ ಪಡೆಯುವಂಥವು, ಎಂದು ನೀವು ಬರೆದಿದ್ದೀರಿ. ಹೀಲಿಯಂ-3 ಉರಿಸುವ ಸ್ಥಾವರ ಇಂದು ಭೂಮಿಯ ಮೇಲೆ ಒಂದೂ ಇಲ್ಲ. ಅದಕ್ಕಿಂತ ಸುಲಭವಾದ ಡ್ಯೂಟೀರಿಯಂ-ಟ್ರಿಟಿಯಂ (ಜಲಜನಕದ ಎರಡು ಭಾರವಾದ ರೂಪಗಳು) ಸಮ್ಮಿಳನಕ್ಕಾಗಿ ಫ್ರಾನ್ಸಿನಲ್ಲಿ ಕಟ್ಟುತ್ತಿರುವ, ಭಾರತವೂ ಪಾಲುದಾರನಾಗಿರುವ ಈಟರ್ ಯಂತ್ರವೇ ಇನ್ನೂ ಮುಗಿದಿಲ್ಲ. ಇಂದಿನ ನಿಜವಾದ ಗಿರಾಕಿಗಳಲ್ಲಿ ಮುಖ್ಯರೆಂದರೆ ಕ್ವಾಂಟಂ ಕಂಪ್ಯೂಟರುಗಳನ್ನು ತಂಪಾಗಿಡುವ ಶೀತಯಂತ್ರಗಳನ್ನು ತಯಾರಿಸುವವರು. ಅಂತಹ ಫಿನ್ಲೆಂಡಿನ ಬ್ಲೂಫೋರ್ಸ್ ಕಂಪನಿ 2025ರಲ್ಲಿ ಅಮೆರಿಕದ ಇಂಟರ್‌ಲೂನ್ ಜೊತೆ ಒಪ್ಪಂದ ಮಾಡಿಕೊಂಡಿತು. ಚಂದ್ರನಿಂದ ತಂದರೆ ವರ್ಷಕ್ಕೆ ಹತ್ತು ಸಾವಿರ ಲೀಟರ್‌ವರೆಗೆ ಕೊಳ್ಳುವ ಕರಾರು ಅದು. ಕೇಳಲು ದೊಡ್ಡ ಸಂಖ್ಯೆ, ತೂಗಿದರೆ ಒಂದೂವರೆ ಕಿಲೋ ಕೂಡ ಆಗುವುದಿಲ್ಲ. ಕಿಲೋಗೆ ಎರಡು ಕೋಟಿ ಡಾಲರ್ ಎಂಬ ಚಾಲ್ತಿಯ ಅಂದಾಜನ್ನೇ ಒಪ್ಪಿದರೂ ನೂರು ಜನರ ನೆಲೆಯನ್ನು ಈ ವರಮಾನದಿಂದ ನಡೆಸಲಾಗದು.

ನಿಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2001ರ ಫೆಬ್ರವರಿ 28ರಂದು ಕೋಲಾರದ ಗಣಿ ಮುಚ್ಚಿದಾಗ ನೆಲದೊಳಗಿನ ಚಿನ್ನ ಮುಗಿದಿರಲಿಲ್ಲ. ಶುರುವಿನ ವರ್ಷಗಳಲ್ಲಿ ಟನ್ ಅದಿರಿಗೆ ನಲವತ್ತು ಗ್ರಾಂ ಮೀರಿ ಸಿಗುತ್ತಿದ್ದುದು ಕೊನೆಗೆ ಮೂರು ಗ್ರಾಮಿನ ಆಸುಪಾಸಿಗೆ ಇಳಿದಿತ್ತು. ಮೂರು ಕಿಲೋಮೀಟರ್ ಆಳದಿಂದ ಅದನ್ನು ಮೇಲೆತ್ತುವ ಖರ್ಚು ಅದರ ಬೆಲೆಯನ್ನು ದಾಟಿತ್ತು. ನೆಲದಲ್ಲಿ ಇರುವುದೆಲ್ಲ ನಿಕ್ಷೇಪವಲ್ಲ. ಲಾಭಕ್ಕೆ ತೆಗೆಯಬಹುದಾದದ್ದು ಮಾತ್ರ ನಿಕ್ಷೇಪ.

ಹಾಗಾದರೆ ಚಂದ್ರನಲ್ಲಿ ಲಾಭವೇ ಇಲ್ಲವೇ? ಇದೆ ಎಂದು ನಾನು ನಂಬುತ್ತೇನೆ. ಆದರೆ ಅದು ಭೂಮಿಗೆ ಸಾಮಾನು ತರುವುದರಲ್ಲಿ ಇಲ್ಲ. ಚಂದ್ರನಿಗೆ ಹೋದವರಿಗೆ ಅಲ್ಲಿಯೇ ಬೇಕಾಗುವ ಪದಾರ್ಥಗಳನ್ನು ಅಲ್ಲಿಯೇ ಮಾಡಿ ಮಾರುವುದರಲ್ಲಿದೆ. ಚಂದ್ರನ ನೆಲಕ್ಕೆ ಒಂದು ಕಿಲೋ ಸಾಮಾನು ತಲುಪಿಸಲು ಅಮೆರಿಕದ ಆಸ್ಟ್ರೋಬಾಟಿಕ್ ಕಂಪನಿ ಪ್ರಕಟಿಸಿದ್ದ ದರ 12 ಲಕ್ಷ ಡಾಲರ್. ಅಲ್ಲಿ ಕುಡಿಯುವ ನೀರಿನ ಪ್ರತಿ ಲೋಟಕ್ಕೂ ಈ ಸಾಗಾಣಿಕೆ ವೆಚ್ಚ ಸೇರುತ್ತದೆ. ಮುಂದೆ ದೊಡ್ಡ ರಾಕೆಟ್‌ಗಳು ಬಂದು ದರ ನೂರು ಪಟ್ಟು ಇಳಿದರೂ ಅದು ದುಬಾರಿ ನೀರೇ.

ಮೊದಲು ಮಾರಬೇಕಾದದ್ದು ಆ ನೀರನ್ನೇ. 2009ರಲ್ಲಿ ಚಂದ್ರಯಾನ-1ರ ಮೇಲಿದ್ದ ನಾಸಾದ ಉಪಕರಣ ಅದರ ಗುರುತು ಹಿಡಿಯಿತು. ಅದೇ ವರ್ಷ ಅಕ್ಟೋಬರ್ 9ರಂದು ನಾಸಾದ ಎಲ್‌ಕ್ರಾಸ್ ಯೋಜನೆಯವರು ಧ್ರುವದ ಬಳಿಯ ಕ್ಯಾಬಿಯಸ್ ಕುಳಿಗೆ ಖಾಲಿ ರಾಕೆಟ್ ಹಂತವೊಂದನ್ನು ಅಪ್ಪಳಿಸಿ, ಎದ್ದ ಧೂಳಿನಲ್ಲಿ ಸುಮಾರು 155 ಕಿಲೋ ನೀರನ್ನು ಗುರುತಿಸಿದರು. ಅಲ್ಲಿನ ಮಣ್ಣಿನ ತೂಕದಲ್ಲಿ ನೀರು ಶೇಕಡ 5.6ರಷ್ಟು ಇರಬಹುದೆಂಬುದು ಅವರ ಅಂದಾಜು. ನೀರನ್ನು ಒಡೆದರೆ ಜಲಜನಕ ಮತ್ತು ಆಮ್ಲಜನಕ; ಅವೇ ರಾಕೆಟ್‌ನ ಇಂಧನ. ಇದಕ್ಕೆ ಒಬ್ಬ ಗಿರಾಕಿ ದರವನ್ನೂ ಹೇಳಿದ್ದುಂಟು. 2016ರ ಸುಮಾರಿಗೆ ಅಮೆರಿಕದ ರಾಕೆಟ್ ಕಂಪನಿ ಯುನೈಟೆಡ್ ಲಾಂಚ್ ಅಲಯನ್ಸ್, ಚಂದ್ರನ ನೆಲದ ಮೇಲೆ ಇಂಧನ ಕೊಟ್ಟರೆ ಕಿಲೋಗೆ 500 ಡಾಲರ್ ಕೊಡಲು ಸಿದ್ಧ ಎಂದಿತ್ತು.

ಈಗ ನೀವೇ ಲೆಕ್ಕ ಹಾಕಿ. ಹೀಲಿಯಂಗೆಂದು ನೀವು ಅಗೆಯಹೊರಟ ಅದೇ ಒಂದು ಲಕ್ಷ ಟನ್ನನ್ನು ಕ್ಯಾಬಿಯಸ್‌ನಂತಹ ಕುಳಿಯಲ್ಲಿ ಅಗೆದರೆ 5,600 ಟನ್ ನೀರು. ಅರ್ಧ ವ್ಯರ್ಥವಾದರೂ 500 ಡಾಲರ್ ದರದಲ್ಲಿ 140 ಕೋಟಿ ಡಾಲರ್. ಹೀಲಿಯಂನಿಂದ ಬರುವುದು ಎರಡು ಕೋಟಿ. ಅಷ್ಟು ಇಂಧನ ತುಂಬಿಸಿಕೊಳ್ಳುವಷ್ಟು ನೌಕೆಗಳು ಅಲ್ಲಿಗೆ ಹೋಗುವ ಕಾಲ ಇನ್ನೂ ಬಂದಿಲ್ಲ, ನಿಜ. ಬರುವವರೆಗೂ ಗಿರಾಕಿಗಳೆಂದರೆ ಸರ್ಕಾರಗಳೇ: ಚಂದ್ರನಿಗೆ ಮತ್ತೆ ಜನರನ್ನು ಕಳಿಸುವ ಅಮೆರಿಕದ ಆರ್ಟೆಮಿಸ್ ಕಾರ್ಯಕ್ರಮ, ಚೀನಾ ಮತ್ತು ರಷ್ಯಾ ಸೇರಿ ಕಟ್ಟಬೇಕೆಂದಿರುವ ಸಂಶೋಧನಾ ಕೇಂದ್ರ, ನಾಳೆ ನಮ್ಮವರು. ಖಾಸಗಿ ಲಾಭದ ಮೊದಲ ರೂಪಾಯಿ ತೆರಿಗೆದಾರರ ಜೇಬಿನಿಂದಲೇ ಬರುತ್ತದೆ ಎಂಬುದನ್ನು ನಿಮ್ಮ ಯೋಜನೆಯ ಮೊದಲ ಪುಟದಲ್ಲೇ ಬರೆಯಿರಿ.

ಬೆಂಗಳೂರಿನ ಟೀಮ್ ಇಂಡಸ್ ಕಥೆ ನಿಮಗೆ ಗೊತ್ತಿರಬೇಕು. ಖಾಸಗಿ ತಂಡಗಳು ಚಂದ್ರನ ಮೇಲೆ ನೌಕೆ ಇಳಿಸಬೇಕಿದ್ದ ಗೂಗಲ್ ಲೂನಾರ್ ಎಕ್ಸ್ ಪ್ರೈಜ್ ಸ್ಪರ್ಧೆಯಲ್ಲಿ, ನೌಕೆಯನ್ನು ಇಳಿಸುವ ತಂತ್ರಜ್ಞಾನಕ್ಕಾಗಿ ಆ ತಂಡ 2015ರಲ್ಲಿ ಹತ್ತು ಲಕ್ಷ ಡಾಲರ್ ಗೆದ್ದಿತ್ತು. 2018ರಲ್ಲಿ ಸ್ಪರ್ಧೆ ವಿಜೇತರಿಲ್ಲದೆ ಮುಗಿಯಿತು, ನೌಕೆ ಹಾರಲಿಲ್ಲ. ಏಳು ವರ್ಷಗಳ ನಂತರ, 2025ರ ಮಾರ್ಚ್‌ನಲ್ಲಿ, ಫೈರ್‌ಫ್ಲೈ ಎಂಬ ಖಾಸಗಿ ಕಂಪನಿಯ ಬ್ಲೂ ಘೋಸ್ಟ್ ಚಂದ್ರನ ಮೇಲೆ ನೇರವಾಗಿ ನಿಂತಿತು. ಅದರ ಹಿಂದೆ ಉಪಕರಣಗಳನ್ನು ಸಾಗಿಸಲು ಹಣ ಕೊಟ್ಟ ನಾಸಾ ಇತ್ತು. ಬೆಂಗಳೂರಿನ ಹುಡುಗರಿಗೆ ಕೊರತೆಯಾದದ್ದು ಪ್ರತಿಭೆಯಲ್ಲ ಎಂದೇ ನಾನು ಇಂದಿಗೂ ತಿಳಿದಿದ್ದೇನೆ. ಬಹುಮಾನ ಒಂದು ಸಲ ಸಿಗುತ್ತದೆ. ಉದ್ಯಮ ನಿಲ್ಲಲು ಮತ್ತೆ ಮತ್ತೆ ಕೊಳ್ಳುವ ಗಿರಾಕಿ ಬೇಕು.

ಇನ್ನು ವಿದ್ಯುತ್ತು. ನಿಮ್ಮ ಯೋಜನೆಯಲ್ಲಿ ಅದು ಹದಿನಾಲ್ಕನೆಯ ಸಾಲಿನಲ್ಲಿದೆ. ಅದನ್ನು ಮೊದಲ ಸಾಲಿಗೆ ತನ್ನಿ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದದ್ದು ಊರಿನ ದೀಪಗಳಿಗಾಗಿ ಅಲ್ಲ, ಗಣಿಯ ಯಂತ್ರಗಳಿಗಾಗಿ. ಬೇತಮಂಗಲದಿಂದ ನೀರು ಬಂದದ್ದೂ ಹಾಗೆಯೇ. ಚಂದ್ರನಲ್ಲೂ ಇಂಥದೇ ದೂರದ ತೊಂದರೆ ಇದೆ. ನೀರು ಇರುವುದು ಸೂರ್ಯನ ಬೆಳಕೇ ಬೀಳದ ಕುಳಿಗಳಲ್ಲಿ. ಅಲ್ಲಿನ ಚಳಿ ಸೊನ್ನೆಗಿಂತ 200 ಡಿಗ್ರಿಗೂ ಹೆಚ್ಚು ಕೆಳಗೆ. ಬಿಸಿಲು ಸಿಗುವುದು ಶ್ಯಾಕಲ್‌ಟನ್ ಕುಳಿಯ ಅಂಚಿನಂತಹ ಎತ್ತರದ ಕೆಲವೇ ದಿಣ್ಣೆಗಳ ಮೇಲೆ. ಅಲ್ಲಿ ವರ್ಷದ ಬಹುಪಾಲು ಬೆಳಕಿರುತ್ತದೆ. ದಿಣ್ಣೆಯ ಮೇಲೆ ಸೌರಫಲಕ, ಕೆಳಗೆ ಕತ್ತಲಲ್ಲಿ ಗಣಿ, ನಡುವೆ ತಂತಿ. ಇಲ್ಲವಾದರೆ ಸಣ್ಣ ಪರಮಾಣು ಸ್ಥಾವರ. ಉಳಿದೆಡೆ ಎರಡು ವಾರಗಳ ರಾತ್ರಿಯನ್ನು ದಾಟುವುದೇ ಕಷ್ಟ. ವಿಕ್ರಮ್ ಮತ್ತು ಪ್ರಜ್ಞಾನ್ ಆ ಮೊದಲ ರಾತ್ರಿಯ ನಂತರ ಮತ್ತೆ ಏಳಲಿಲ್ಲ. ಹಾಗಾಗಿ ಚಂದ್ರನಲ್ಲಿ ಮೊದಲು ಲಾಭ ಕಾಣುವವರು ಗಣಿಯವರಲ್ಲ, ಅವರಿಗೆ ವಿದ್ಯುತ್ ಮಾರುವವರು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಧೂಳಿಗೆ ನೀವು ಒಂದು ಪೈಸೆಯನ್ನೂ ತೆಗೆದಿಟ್ಟಿಲ್ಲ. ಗಾಳಿ, ನೀರು ಸವೆಸದ ಆ ಕಣಗಳು ಗಾಜಿನ ಚೂರುಗಳಂತೆ ಹರಿತ. 1972ರ ಡಿಸೆಂಬರ್‌ನಲ್ಲಿ ಅಪೊಲೊ-17ರ ಬಂಡಿಯ ಒಂದು ಮಡ್‌ಗಾರ್ಡ್ ಮುರಿದು, ಚಕ್ರ ಎರಚಿದ ಧೂಳು ಸವಾರರ ಮೇಲೇ ಸುರಿಯತೊಡಗಿತು. ಯೂಜೀನ್ ಸೆರ್ನನ್ ಮತ್ತು ಹ್ಯಾರಿಸನ್ ಸ್ಮಿಟ್ ನಾಲ್ಕು ನಕ್ಷೆ ಹಾಳೆಗಳನ್ನು ಅಂಟುಪಟ್ಟಿಯಿಂದ ಒಂದಕ್ಕೊಂದು ಜೋಡಿಸಿ, ಕ್ಲಾಂಪ್ ಹಾಕಿ ಚಕ್ರದ ಮೇಲೆ ಬಿಗಿದು ಕೆಲಸ ಮುಂದುವರಿಸಿದರು. ಮೂರು ದಿನಗಳ ಯಾತ್ರೆಗೆ ಅಷ್ಟು ಸಾಕಾಯಿತು. ವರ್ಷಗಟ್ಟಲೆ ಅಗೆಯುವ ಯಂತ್ರದ ಬೇರಿಂಗ್, ಸೀಲ್, ಕೀಲುಗಳ ಗತಿ ಯೋಚಿಸಿ. ಇಳಿಯುವ ನೌಕೆಯ ಬೆಂಕಿಯೂ ಈ ಧೂಳನ್ನು ದೂರದವರೆಗೆ ಎರಚುತ್ತದೆ. ಆದ್ದರಿಂದ ಮೊದಲು ಕಟ್ಟಬೇಕಾದದ್ದು ಇಳಿದಾಣದ ಚಪ್ಪಡಿ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೋ ಸೇರಿ ಚಂದ್ರನ ಮಣ್ಣನ್ನು ಹೋಲುವ ಪುಡಿಗೆ ಬ್ಯಾಕ್ಟೀರಿಯಾ, ಯೂರಿಯಾ ಮತ್ತು ಗೋರಿಬೀಜದ ಅಂಟು ಬೆರೆಸಿ ಇಟ್ಟಿಗೆ ತಯಾರಿಸಿವೆ. ನಿಮ್ಮಂಥವರು ಕೈಹಾಕಬೇಕಾದ ಕೆಲಸ ಇಂಥದು.

ನೂರು ಜನ ಬೇಡ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಸಾಮಾನ್ಯವಾಗಿ ಇರುವವರು ಏಳು ಮಂದಿ. ಅದು ಭೂಮಿಯಿಂದ ನಾನೂರು ಕಿಲೋಮೀಟರ್ ದೂರದಲ್ಲಷ್ಟೇ ಇದೆ. ಯಂತ್ರಗಳು ಮೊದಲು ಹೋಗಲಿ, ಅವುಗಳನ್ನು ರಿಪೇರಿ ಮಾಡುವ ಕೆಲವರು ಆಮೇಲೆ.

ನಮ್ಮವರು ಏಕೆ ಕೈಹಾಕುತ್ತಿಲ್ಲ ಎಂದಿರಿ. ಗಣಿಗಾರಿಕೆಯ ಮೊದಲ ಪಾಠವನ್ನೇ ಅವರು ಪಾಲಿಸುತ್ತಿದ್ದಾರೆ: ಅಗೆಯುವ ಮೊದಲು ಕೊರೆದು ನೋಡು. ಧ್ರುವದ ಹಿಮವನ್ನು ಇದುವರೆಗೆ ಯಾರೂ ಮುಟ್ಟಿ ನೋಡಿಲ್ಲ. ಅದು ಗಟ್ಟಿ ಪದರವೋ, ಮಣ್ಣಿನ ಕಣಗಳ ನಡುವೆ ಬೆರೆತದ್ದೋ ಎಂಬುದರ ಮೇಲೆ ಯಂತ್ರದ ವಿನ್ಯಾಸವೇ ಬದಲಾಗುತ್ತದೆ. 2025ರ ಮಾರ್ಚ್‌ನಲ್ಲಿ ಅಮೆರಿಕದ ಅಥೀನಾ ನೌಕೆ ಕೊರೆಯುವ ಯಂತ್ರ ಹೊತ್ತು ಧ್ರುವದ ಬಳಿ ಇಳಿಯಿತಾದರೂ ಮಗುಚಿ ಬಿತ್ತು, ಮಣ್ಣು ಕೊರೆಯಲಾಗಲಿಲ್ಲ. ಅದೇ ವರ್ಷ ಕೇಂದ್ರ ಸರ್ಕಾರ ಚಂದ್ರಯಾನ-5ಕ್ಕೆ ಅನುಮೋದನೆ ಕೊಟ್ಟಿದೆ. ನಮ್ಮ ನೌಕೆ, ಜಪಾನಿನ ಸುಮಾರು 350 ಕಿಲೋ ತೂಕದ ಬಂಡಿ, ಒಂದೂವರೆ ಮೀಟರ್ ಆಳದವರೆಗೆ ಮಣ್ಣು ತೆಗೆದು ನೀರು ಹುಡುಕುವ ಉದ್ದೇಶ. ಆ ಫಲಿತಾಂಶ ಬರುವವರೆಗೆ ಮೇಲೆ ನಾನು ಹೇಳಿದ 140 ಕೋಟಿಯೂ ಕಾಗದದ ಮೇಲಿನ ಅಂಕಿಯೇ.

ಕೊನೆಯದಾಗಿ, ನಿಮ್ಮ ಖರ್ಚಿನ ಪಟ್ಟಿಗೆ ಒಂದು ಸಾಲು ಸೇರಿಸಿ. ಗಣಿ ಮುಚ್ಚಿ ಇಷ್ಟು ವರ್ಷಗಳಾದರೂ ನಿಮ್ಮ ಊರಿನ ಸೈನೈಡ್ ದಿಬ್ಬಗಳು ಹಾಗೆಯೇ ಇವೆ; ಗಾಳಿ ಬೀಸಿದಾಗ ಅವುಗಳ ಧೂಳು ಮನೆಯೊಳಗೆ ಬರುವುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಲಾಭ ಹಂಚಿಕೊಂಡವರು ಹೋದರು, ದಿಬ್ಬ ಉಳಿದವರ ಪಾಲಿಗೆ ಬಂತು. ಧ್ರುವದ ಕುಳಿಗಳ ಹಿಮ ಕೋಟ್ಯಂತರ ವರ್ಷಗಳಲ್ಲಿ ಕೂಡಿದ್ದು, ಒಮ್ಮೆ ತೆಗೆದರೆ ಮತ್ತೆ ತುಂಬುವುದಿಲ್ಲ. ಚಂದ್ರನ ಹಿಂಬದಿಗೆ ಭೂಮಿಯ ರೇಡಿಯೊ ಗದ್ದಲ ತಲುಪುವುದಿಲ್ಲ. ಬ್ರಹ್ಮಾಂಡದ ಮೊದಲ ನಕ್ಷತ್ರಗಳ ಕಾಲದ ಸಂಕೇತವನ್ನು ಅಲ್ಲಿಂದ ಹಿಡಿಯಲು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ‘ಪ್ರತುಷ್’ ಎಂಬ ಉಪಕರಣವನ್ನು ಸಿದ್ಧಪಡಿಸುತ್ತಿದೆ. 1965ರಲ್ಲಿ ನಿಮ್ಮ ಊರಿನ ಗಣಿಯ ಆಳದಲ್ಲಿ ವಾಯುಮಂಡಲದ ನ್ಯೂಟ್ರಿನೊಗಳೆಂಬ ಅತಿ ಸೂಕ್ಷ್ಮ ಕಣಗಳ ಜಾಡು ಹಿಡಿಯಲು ಸಾಧ್ಯವಾದದ್ದೂ, ಮೇಲಿನ ಬಂಡೆ ಬೇರೆ ಕಣಗಳ ಗದ್ದಲವನ್ನು ತಡೆದು ಅಲ್ಲಿ ಅಂಥದೇ ಪ್ರಶಾಂತತೆ ಇದ್ದುದರಿಂದ. ಒಂದು ಕಂಪನಿಯ ಸಂಪರ್ಕ ಉಪಗ್ರಹಗಳು ಚಂದ್ರನ ಹಿಂಬದಿಯ ಆ ನಿಶ್ಶಬ್ದವನ್ನು ಕೆಡಿಸಿದರೆ ನಷ್ಟ ಇಡೀ ಮನುಕುಲದ್ದು. ಭಾರತ 2023ರ ಜೂನ್‌ನಲ್ಲಿ ಸಹಿ ಹಾಕಿದ ಆರ್ಟೆಮಿಸ್ ಒಡಂಬಡಿಕೆಯಲ್ಲಿ ಗಣಿಗೆ ಅವಕಾಶವಿದೆ, ಪರಸ್ಪರ ಅಡ್ಡಿಯಾಗದಂತೆ ಸುರಕ್ಷಾ ವಲಯಗಳ ಮಾತಿದೆ. ಯಾರು ಎಷ್ಟು ನೀರು ತೆಗೆಯಬಹುದು, ಕೆಟ್ಟ ಯಂತ್ರಗಳನ್ನು ಯಾರು ತೆರವು ಮಾಡಬೇಕು ಎಂಬ ನಿಯಮಗಳು ಇನ್ನೂ ಆಗಬೇಕು. ಅವು ಮೊದಲ ಗಣಿ ಶುರುವಾಗುವ ಮೊದಲೇ ಆಗಬೇಕೆಂದು ನಾನು ಒತ್ತಾಯಿಸುತ್ತೇನೆ.

ನಿಮ್ಮ ಕೋಷ್ಟಕಗಳನ್ನು ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ. ಹೀಲಿಯಂ ಬದಲು ನೀರು, ನೂರು ಜನರ ಬದಲು ಯಂತ್ರಗಳು, ಮೊದಲ ಸಾಲಿನಲ್ಲಿ ವಿದ್ಯುತ್ತು, ಕೊನೆಯ ಸಾಲಿನಲ್ಲಿ ಗಣಿ ಮುಚ್ಚುವ ಖರ್ಚು ಇಟ್ಟುಕೊಂಡು ಮತ್ತೊಮ್ಮೆ ಲೆಕ್ಕ ಹಾಕಿ. ನೀರಿನ ಪ್ರಮಾಣ ಶೇಕಡ 5.6ರ ಬದಲು ಒಂದೇ ಆದರೆ ಏನಾಗುತ್ತದೆ ಎಂಬುದನ್ನೂ ಬೇರೆಯಾಗಿ ತೋರಿಸಿ. ಕಳುಹಿಸಿದರೆ ಲೇಖನವಾಗಿ ಪ್ರಕಟಿಸುತ್ತೇವೆ.

ವಿಶ್ವಾಸದಿಂದ,
ಸಂಪಾದಕ