ಗಬ್ರಿಯೇಲನೂ ಜಿಬ್ರೀಲರೂ ಒಬ್ಬರೇ?

ಪ್ರಶ್ನೆ: ಕ್ರಿಸ್‌ಮಸ್ ಸಮಯದಲ್ಲಿ ಇಲ್ಲಿನ ಮೆಥೋಡಿಸ್ಟ್ ಚರ್ಚಿನಲ್ಲಿ ಮಕ್ಕಳು ಆಡಿದ ನಾಟಕ ನೋಡಿದೆ. ಅದರಲ್ಲಿ ಮರಿಯಳಿಗೆ ಸುದ್ದಿ ತರುವ ಗಬ್ರಿಯೇಲನ ಬಗ್ಗೆ ಹೇಳಿದಾಗ ನನ್ನ ಮುಸ್ಲಿಂ ಸಹೋದ್ಯೋಗಿ, ‘ಅವರೇ ನಮ್ಮ ಜಿಬ್ರೀಲ್ ಅಲೈಹಿಸ್ಸಲಾಂ’ ಎಂದರು. ಇದು ನಿಜವೇ? ಶರಣರ ವಚನಗಳನ್ನು ಕೇಳುತ್ತ ಬೆಳೆದ ನನಗೆ, ಸರ್ವಶಕ್ತನಾದ ದೇವರಿಗೆ ನಡುವೆ ಒಬ್ಬ ದೂತನೇಕೆ ಬೇಕೆಂಬುದೂ ತಿಳಿಯುತ್ತಿಲ್ಲ.
— ಓದುಗರೊಬ್ಬರು, ಬೀದರ್

ಉತ್ತರ: ನಿಮ್ಮ ಸಹೋದ್ಯೋಗಿ ಹೇಳಿದ್ದು ಸರಿ. ಯೆಹೂದ್ಯ, ಕ್ರೈಸ್ತ, ಇಸ್ಲಾಂ ಮೂರೂ ಧರ್ಮಗಳು ಈ ದೂತನನ್ನು ಬಲ್ಲವು. ಆದರೆ ಅವನಿಗೆ ವಹಿಸಿದ ಹೊಣೆ ಮಾತ್ರ ಮೂರರಲ್ಲೂ ಬೇರೆ. ಯೆಹೂದ್ಯರ ಪವಿತ್ರ ಗ್ರಂಥಗಳಲ್ಲೊಂದಾದ ದಾನಿಯೇಲನ ಗ್ರಂಥದಲ್ಲಿ ಅವನು ಅರ್ಥ ಬಿಡಿಸಿ ಹೇಳುವವನು: ಟಗರು ಮತ್ತು ಹೋತ ಕಾದಾಡುವ ದರ್ಶನ ಕಂಡು ಕಂಗೆಟ್ಟ ದಾನಿಯೇಲನಿಗೆ, ಅವು ಮೇದ್ಯ-ಪಾರಸಿಯ ಮತ್ತು ಗ್ರೀಕ್ ರಾಜ್ಯಗಳೆಂದು ವಿವರಿಸುತ್ತಾನೆ. ಕ್ರೈಸ್ತರ ಲೂಕನ ಸುವಾರ್ತೆಯಲ್ಲಿ ಎರಡು ಜನನಗಳ ಸುದ್ದಿ ತರುತ್ತಾನೆ. ಮುಪ್ಪಿನಲ್ಲಿ ಮಗನಾಗುವನೆಂಬುದನ್ನು ನಂಬದ ಯಾಜಕ ಜಕರೀಯನು ಆ ಮಗು ಹುಟ್ಟಿ ಹೆಸರಿಡುವ ತನಕ ಮೂಕನಾಗುತ್ತಾನೆ. ನಜರೇತಿನ ಮರಿಯಳು ಇದು ಹೇಗಾದೀತೆಂದು ಕೇಳಿದಾಗ ಸಮಾಧಾನದ ಉತ್ತರ ದೊರೆಯುತ್ತದೆ. ಇಸ್ಲಾಮಿನಲ್ಲಿ ಈ ಹೊಣೆ ಇನ್ನೂ ದೊಡ್ಡದು. ಜಿಬ್ರೀಲರು ಪ್ರವಾದಿ ಮುಹಮ್ಮದರಿಗೆ ತಂದದ್ದು ಯಾವುದೋ ಒಂದು ಸುದ್ದಿಯಲ್ಲ, ಇಡೀ ಕುರ್‌ಆನ್. ಕ್ರಿ.ಶ. 610ರ ಸುಮಾರಿಗೆ ಮೆಕ್ಕಾದ ಬಳಿಯ ಹಿರಾ ಗುಹೆಯಲ್ಲಿ ‘ಓದು’ ಎಂಬ ಆಜ್ಞೆಯಿಂದ ಮೊದಲಾದ ಆ ಅವತರಣವು ಸುಮಾರು 23 ವರ್ಷ ನಡೆಯಿತೆಂದು ಮುಸ್ಲಿಮರು ನಂಬುತ್ತಾರೆ. ಇಷ್ಟಾದರೂ ಕುರ್‌ಆನಿನಲ್ಲಿ ಅವರ ಹೆಸರು ಬರುವುದು ಮೂರೇ ಸಲ.

ದೂತರ ಸ್ವಭಾವವನ್ನು ಅರಿಯಲು ಅಬ್ರಹಾಮನ ಅತಿಥಿಗಳ ಪ್ರಸಂಗದಷ್ಟು ಒಳ್ಳೆಯ ದಾರಿ ನನಗೆ ಕಂಡಿಲ್ಲ. ಬಿಸಿಲೇರಿದ ಹೊತ್ತಿನಲ್ಲಿ ಗುಡಾರದ ಬಾಗಿಲಲ್ಲಿ ಕುಳಿತಿದ್ದ ಅಬ್ರಹಾಮನು ಮೂವರು ಅಪರಿಚಿತರನ್ನು ಕಂಡು ಓಡಿಹೋಗಿ ಎದುರುಗೊಳ್ಳುತ್ತಾನೆ. ಕಾಲಿಗೆ ನೀರು ಕೊಟ್ಟು, ರೊಟ್ಟಿ ಸುಡಿಸಿ, ಎಳೆಗರುವಿನ ಅಡುಗೆ ಮಾಡಿಸಿ, ಮೊಸರು ಹಾಲುಗಳೊಂದಿಗೆ ಬಡಿಸುತ್ತಾನೆ. ಬೈಬಲಿನ ಮೊದಲ ಗ್ರಂಥವಾದ ಆದಿಕಾಂಡದ ಪ್ರಕಾರ ಅವರು ಉಂಡರು. ಕುರ್‌ಆನಿನಲ್ಲಾದರೋ ಹುರಿದ ಕರುವಿನತ್ತ ಅವರ ಕೈ ಚಾಚದಿರುವುದನ್ನು ಕಂಡು ಇಬ್ರಾಹೀಮರಿಗೆ (ಅಬ್ರಹಾಮನಿಗೆ) ಅಂಜಿಕೆ ಹುಟ್ಟುತ್ತದೆ. ಯೆಹೂದ್ಯರ ಧರ್ಮಚರ್ಚೆಗಳ ಸಂಗ್ರಹವಾದ ತಾಲ್ಮುದ್ ಅವರು ಉಂಡಂತೆ ತೋರಿಸಿಕೊಂಡರಷ್ಟೇ ಎನ್ನುತ್ತದೆ. ಮೂವರೇಕೆ ಬಂದರೆಂಬುದಕ್ಕೂ ಅದು ಉತ್ತರ ಕೊಡುತ್ತದೆ: ಅಬ್ರಹಾಮನ ಹೆಂಡತಿ ಸಾರಳಿಗೆ ಮಗನಾಗುವ ಸುದ್ದಿ ಹೇಳಲು ಮಿಕಾಯೇಲ, ಅಬ್ರಹಾಮನನ್ನು ಗುಣಪಡಿಸಲು ರಫಾಯೇಲ, ಸೊದೋಮ್ ಪಟ್ಟಣವನ್ನು ಕೆಡವಲು ಗಬ್ರಿಯೇಲ. ಒಪ್ಪಿಸಿದ ಕೆಲಸವೊಂದನ್ನು ಬಿಟ್ಟರೆ ದೂತನಿಗೆ ತನ್ನದೆಂಬುದಿಲ್ಲ.

ಇನ್ನು ದೂತನೇಕೆ ಬೇಕೆಂಬ ಪ್ರಶ್ನೆ. ಕೊರತೆ ದೇವರದಲ್ಲ, ಕೇಳಿಸಿಕೊಳ್ಳುವ ಮನುಷ್ಯನದು ಎಂಬುದು ಈ ಧರ್ಮಗಳ ಸಾಮಾನ್ಯ ನಿಲುವು. ಅಂತಃಪ್ರೇರಣೆಯಿಂದ, ತೆರೆಯ ಹಿಂದಿನಿಂದ ಅಥವಾ ದೂತನನ್ನು ಕಳಿಸಿ ಮಾತ್ರ ಅಲ್ಲಾಹನು ಮನುಷ್ಯನೊಡನೆ ಮಾತಾಡುತ್ತಾನೆಂದು ಕುರ್‌ಆನಿನ 42ನೆಯ ಅಧ್ಯಾಯ ಹೇಳುತ್ತದೆ. ಮೋಶೆಯೊಬ್ಬನ ಹೊರತು ಉಳಿದ ಪ್ರವಾದಿಗಳೆಲ್ಲ ದೂತರ ಮೂಲಕವೇ ದೇವರ ಮಾತು ಪಡೆದರೆಂದು 12ನೆಯ ಶತಮಾನದ ಯೆಹೂದ್ಯ ಪಂಡಿತ ಮೈಮೋನಿಡಿಸ್ ಬರೆದ. ಅವನು ನಮ್ಮ ಕಲ್ಯಾಣದ ಶರಣರ ಶತಮಾನದವನೇ. ಭಕ್ತಿಗೆ ಮಧ್ಯವರ್ತಿ ಬೇಡವೆಂಬ ನಿಮ್ಮ ಭಾವನೆಯೂ ಈ ಗ್ರಂಥಗಳಿಗೆ ಹೊರಗಿನದಲ್ಲ. ಬೈಬಲಿನ ಕೊನೆಯ ಭಾಗವಾದ ಪ್ರಕಟನೆ ಗ್ರಂಥದಲ್ಲಿ ಯೋಹಾನನು ಕಾಲಿಗೆ ಬಿದ್ದಾಗ ದೂತನೇ ತಡೆದು, ತಾನೂ ಒಬ್ಬ ಸೇವಕನಷ್ಟೇ, ದೇವರನ್ನು ಆರಾಧಿಸು ಎನ್ನುತ್ತಾನೆ. ಆದರೆ ದೂತರು ಪ್ರಾರ್ಥನೆಗಳನ್ನು ಮೇಲಕ್ಕೊಯ್ಯುವರೆಂಬ ನಂಬಿಕೆಯೂ ಇದೆ. ಅದನ್ನು ರಫಾಯೇಲನ ಬಾಯಿಂದಲೇ ಹೇಳಿಸುವ ತೋಬಿತನ ಗ್ರಂಥವನ್ನು ಕಥೋಲಿಕರು ಬೈಬಲಿನಲ್ಲಿ ಸೇರಿಸಿದ್ದಾರೆ, ಪ್ರೊಟೆಸ್ಟೆಂಟರು ಸೇರಿಸಿಲ್ಲ.